ಕೀ ಕಾರಿನ ಒಳಗಿದೆಯೋ ಹೊರಗಿದೆಯೋ, ಕಾರಿಗೆ ನಿಜವಾಗಿ ಗೊತ್ತಾಗುತ್ತದೆಯೇ?

ಬಾಗಿಲಹಿಡಿ:
ಕೀಲೆಸ್ ಕಾರಿಗೆ, ಅಂದರೆ ಕೀ ಜೇಬಿನಲ್ಲಿದ್ದರೇ ಬಾಗಿಲು ತೆರೆಯುವ ಕಾರಿಗೆ, ತನ್ನ ಕೀ ಎಲ್ಲಿದೆ ಎಂಬುದು ಗೊತ್ತಿರುತ್ತದೆ ಎಂದು ಹೊಗಳುವವರು ಒಮ್ಮೆ ನನ್ನ ಕಾರಿನ ಡಿಕ್ಕಿ ನೋಡಬೇಕು. ಕೀ ಲ್ಯಾಪ್‌ಟಾಪ್ ಚೀಲದಲ್ಲಿತ್ತು, ಚೀಲ ಡಿಕ್ಕಿಯಲ್ಲಿತ್ತು. ಉಳಿದ ಬಾಗಿಲುಗಳು ಮೊದಲೇ ಲಾಕ್ ಆಗಿದ್ದವು. ಡಿಕ್ಕಿ ಮುಚ್ಚಿದ್ದೇ ತಡ, ಅದೂ ಲಾಕ್ ಆಯಿತು. ಕೀ ಒಳಗೆ ಸಿಕ್ಕಿಕೊಳ್ಳದಂತೆ ತಡೆಯುವುದೇ ಈ ವ್ಯವಸ್ಥೆಯ ಕೆಲಸವಲ್ಲವೇ?
ಇದರ ಗುಟ್ಟು ಇಷ್ಟೇ: ಬಾಗಿಲ ಹಿಡಿ, ಕ್ಯಾಬಿನ್, ಡಿಕ್ಕಿಗಳಲ್ಲಿರುವ ಆಂಟೆನಾಗಳು 125 ಕಿಲೋಹರ್ಟ್ಸ್‌ನ ಆಸುಪಾಸಿನಲ್ಲಿ ಕೂಗು ಹಾಕುತ್ತವೆ. ಕೀ ಅದನ್ನು ಕೇಳಿಸಿಕೊಂಡು 315 ಅಥವಾ 433 ಮೆಗಾಹರ್ಟ್ಸ್‌ನಲ್ಲಿ ಓಗೊಡುತ್ತದೆ. ಕೂಗು ಜೋರಾಗಿ ಕೇಳಿಸಿದರೆ ಹತ್ತಿರ, ಮೆಲ್ಲಗೆ ಕೇಳಿಸಿದರೆ ದೂರ. ಇದು ಅಳತೆಯಲ್ಲ, ಬರೀ ಅಂದಾಜು.

ಫೆರೈಟ್:
"ಬರೀ ಅಂದಾಜು" ಎಂದಿರಿ, ಆದರೆ ಲೆಕ್ಕ ಹಾಕಿ ನೋಡಲಿಲ್ಲ. ಆ ಆವರ್ತನದಲ್ಲಿ ಕೆಲಸ ಮಾಡುವುದು ದೂರ ಹೋಗುವ ರೇಡಿಯೋ ತರಂಗವಲ್ಲ, ಆಂಟೆನಾದ ಸುತ್ತಲೇ ಇರುವ ಕಾಂತಕ್ಷೇತ್ರ. ಅದು ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ. ದೂರ ಎರಡರಷ್ಟಾದರೆ ಕ್ಷೇತ್ರ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಇಷ್ಟು ಕಡಿದಾದ ಇಳಿಜಾರಿರುವುದರಿಂದಲೇ ಬಲವನ್ನು ಓದುವಾಗ ಶೇಕಡಾ 10ರಷ್ಟು ತಪ್ಪಿದರೂ ದೂರದಲ್ಲಿ ತಪ್ಪುವುದು ಶೇಕಡಾ 3ರಷ್ಟು ಮಾತ್ರ. ಒಂದು ಮೀಟರಿಗೆ ಮೂರು ಸೆಂಟಿಮೀಟರ್. ಕೀಯೊಳಗೆ ಪರಸ್ಪರ ಲಂಬವಾಗಿ ಮೂರು ಸುರುಳಿಗಳಿವೆ, ಹಾಗಾಗಿ ಜೇಬಿನಲ್ಲಿ ಅದು ಹೇಗೆ ಮಗುಚಿಕೊಂಡಿದ್ದರೂ ಒಟ್ಟು ಬಲ ಸಿಗುತ್ತದೆ. ಪ್ರತಿ ಆಂಟೆನಾದ ಬಲವನ್ನೂ ಕೀ ಬೇರೆ ಬೇರೆಯಾಗಿ ಅಳೆದು ಕಾರಿಗೆ ತಿಳಿಸುತ್ತದೆ.
ಲ್ಯಾಪ್‌ಟಾಪಿನ ಲೋಹದ ಮೈಗೆ ಕೀಯನ್ನು ಅಂಟಿಸಿದಂತೆ ಇಟ್ಟವರು ನೀವು. ಲೋಹ ಕ್ಷೇತ್ರವನ್ನು ನುಂಗಿದ್ದಕ್ಕೆ ಭೌತಶಾಸ್ತ್ರವನ್ನು ಬೈಯುತ್ತಿದ್ದೀರಿ.

ನ್ಯಾನೋಸೆಕೆಂಡ್:
ಆ "ಶೇಕಡಾ 3" ಕಾಗದದ ಮೇಲೆ ಮಾತ್ರ ಚೆನ್ನ. ಕಾರಿನ ಆಂಟೆನಾ ಎಂದರೆ ತಂತಿ ಸುತ್ತಿದ, ಫೆರೈಟ್ ಎಂಬ ಕಾಂತೀಯ ವಸ್ತುವಿನ ಕಡ್ಡಿ. ನಿಮ್ಮ ಹೆಸರೇ ಅದು, ನಿಮಗೆ ಗೊತ್ತಿರಬೇಕಿತ್ತು. ಅದರ ಕ್ಷೇತ್ರ ಎಲ್ಲ ದಿಕ್ಕಿಗೂ ಒಂದೇ ಸಮನಾಗಿ ಇರುವುದಿಲ್ಲ. ಕಡ್ಡಿಯ ತುದಿಯ ನೇರಕ್ಕೆ ಸಿಗುವ ಬಲ, ಅಷ್ಟೇ ದೂರದಲ್ಲಿ ಪಕ್ಕಕ್ಕೆ ಸಿಗುವ ಬಲದ ಎರಡರಷ್ಟು. ಬಲ ಎರಡರಷ್ಟು ಹೆಚ್ಚಿದ್ದರೆ ದೂರದ ಲೆಕ್ಕ ಶೇಕಡಾ 26ರಷ್ಟು ಪಲ್ಟಿ. ನಿಮ್ಮ ಮೂರು ಸೆಂಟಿಮೀಟರ್ ಎಲ್ಲಿ ಹೋಯಿತು?
ದೂರ ಬೇಕೆಂದರೆ ಸಮಯವನ್ನು ಅಳೆಯಬೇಕು. ಅಲ್ಟ್ರಾವೈಡ್‌ಬ್ಯಾಂಡ್ ಎಂಬ, ಅತಿ ಕಿರಿದಾದ ಮಿಡಿತಗಳ ರೇಡಿಯೋ ತಂತ್ರ ಮಾಡುವುದು ಅದನ್ನೇ. ಬೆಳಕು ಒಂದು ನ್ಯಾನೋಸೆಕೆಂಡಿನಲ್ಲಿ 30 ಸೆಂಟಿಮೀಟರ್ ಹೋಗುತ್ತದೆ. ಉಳಿದದ್ದು ಗಡಿಯಾರದ ಕೆಲಸ.

ಫೆರೈಟ್:
ಒಂದೇ ಆಂಟೆನಾ ಇದ್ದರೆ ತಾನೇ ಶೇಕಡಾ 26? ಕಾರಿನಲ್ಲಿ ನಾಲ್ಕೈದು ಇರುತ್ತವೆ. ತಯಾರಕರು ಒಳಗೂ ಹೊರಗೂ ಎಷ್ಟೋ ಕಡೆ ಕೀ ಇಟ್ಟು, ಪ್ರತಿ ಜಾಗದ ಬಲಗಳನ್ನು ದಾಖಲಿಸಿ, ಗಡಿ ಎಲ್ಲಿ ಎಳೆಯಬೇಕೆಂದು ತೀರ್ಮಾನಿಸುತ್ತಾರೆ. ಕಾರಿಗೆ ದೂರ ಬೇಕಾಗಿಯೇ ಇಲ್ಲ. ಒಳಗೋ ಹೊರಗೋ ಎಂದು ಗೊತ್ತಾದರೆ ಸಾಕು.

ಗಾಜಿನಾಚೆ:
"ಒಳಗೋ ಹೊರಗೋ" ಗೊತ್ತಾಗಿ ಏನು ಪ್ರಯೋಜನ, ಕೀ ಮನೆಯೊಳಗೆ ಇರುವಾಗಲೇ ಕಾರು ಹೊರಟುಹೋದರೆ? ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಇಲ್ಲಿ ಯಾರೂ ಓದಿದಂತಿಲ್ಲ. 8 ತಯಾರಕರ 10 ಮಾದರಿಗಳನ್ನು ಪರೀಕ್ಷಿಸಿದರು, ಹತ್ತೂ ರಿಲೇ ದಾಳಿಗೆ ಬಾಗಿಲು ತೆರೆದವು. ಕಾರಿನ ಕೂಗನ್ನು ಒಂದು ಪೆಟ್ಟಿಗೆ ಹಿಡಿಯುತ್ತದೆ, ಇನ್ನೊಂದು ಪೆಟ್ಟಿಗೆ ಅದನ್ನು ಕೀಯ ಪಕ್ಕದಲ್ಲಿ ಮತ್ತೆ ಕೂಗುತ್ತದೆ. ಬಲ ಸಾಕಷ್ಟಿದೆ, ಆದ್ದರಿಂದ ಕಾರು ಹತ್ತಿರದಲ್ಲೇ ಇದೆ ಎಂದು ಕೀ ನಂಬುತ್ತದೆ. ಗುಪ್ತಲಿಪಿಯನ್ನು ಮುರಿಯುವ ಅಗತ್ಯವೇ ಇಲ್ಲ. ತಡವಾದದ್ದು ತಿಳಿಯುವುದಿಲ್ಲವೇ ಎನ್ನಬೇಡಿ. 125 ಕಿಲೋಹರ್ಟ್ಸ್‌ನ ಒಂದು ಆವರ್ತಕ್ಕೆ ಹಿಡಿಯುವ 8 ಮೈಕ್ರೋಸೆಕೆಂಡಿನಲ್ಲಿ ಬೆಳಕು 2.4 ಕಿಲೋಮೀಟರ್ ಹೋಗಿರುತ್ತದೆ. ಅಂಥ ಸಿಗ್ನಲ್‌ನಿಂದ ಹತ್ತು ಮೀಟರಿನ ಮೋಸ ಹಿಡಿಯುವುದುಂಟೇ?

ಡಬ್ಬಿಪ್ರಿಯ:
ಇಷ್ಟು ದೊಡ್ಡ ಚರ್ಚೆ ಯಾಕೆ? ರಾತ್ರಿ ಕೀಗೆ ಅಲ್ಯೂಮಿನಿಯಂ ಹಾಳೆ ಸುತ್ತಿ ಇಡಿ. ಮುಗಿಯಿತು.

ಫೆರೈಟ್:
ಮುಗಿಯಲಿಲ್ಲ. 125 ಕಿಲೋಹರ್ಟ್ಸ್‌ನಲ್ಲಿ ಅಲ್ಯೂಮಿನಿಯಂನ ಸ್ಕಿನ್ ಡೆಪ್ತ್, ಅಂದರೆ ಸಿಗ್ನಲ್ ಲೋಹದೊಳಗೆ ಇಳಿದು ಕುಗ್ಗುವ ಆಳ, ಸುಮಾರು 0.23 ಮಿಲಿಮೀಟರ್. ತಿಂಡಿ ಕಟ್ಟುವ ಹಾಳೆಯ ದಪ್ಪ 0.016 ಮಿಲಿಮೀಟರ್. ಹಾಳೆ ಅಲ್ಲಿದೆ ಎಂಬುದೇ ಕಾಂತಕ್ಷೇತ್ರಕ್ಕೆ ತಿಳಿಯುವುದಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರೇ ಈ ಉಪಾಯ ಹಂಚುತ್ತಿರುವುದು.

ಡಬ್ಬಿಪ್ರಿಯ:
ಹಾಳೆ ಸುತ್ತಿದ ಕೀಯನ್ನು ಕೈಯಲ್ಲಿ ಹಿಡಿದು ಬಾಗಿಲ ಪಕ್ಕದಲ್ಲೇ ನಿಂತು ನೋಡಿದ್ದೇನೆ. ಹಿಡಿಯ ಗುಂಡಿ ಒತ್ತಿದರೆ ಕಾರು ಮಿಸುಕಲಿಲ್ಲ. ನಾನು ನನ್ನ ಕಣ್ಣನ್ನು ನಂಬಲೋ, ನಿಮ್ಮ 0.23 ಅನ್ನು ನಂಬಲೋ?

ನ್ಯಾನೋಸೆಕೆಂಡ್:
ಫೆರೈಟ್ ಅವರೇ, ಕಾರಿನ ಕೂಗು ಒಳಗೆ ಹೋಗುತ್ತದೆ ಎಂದೇ ಇಟ್ಟುಕೊಳ್ಳೋಣ. ಕೀಯ ಉತ್ತರ ಹೊರಗೆ ಬರಬೇಡವೇ? 433 ಮೆಗಾಹರ್ಟ್ಸ್‌ನಲ್ಲಿ ಸ್ಕಿನ್ ಡೆಪ್ತ್ ಸುಮಾರು 4 ಮೈಕ್ರಾನ್, ಹಾಳೆ 16 ಮೈಕ್ರಾನ್. ಕೀ ಕೇಳಿಸಿಕೊಂಡಿದೆ, ಉತ್ತರವನ್ನೂ ಕೊಟ್ಟಿದೆ, ಉತ್ತರ ಹಾಳೆಯೊಳಗೇ ಉಳಿದಿದೆ. ನಿಮ್ಮ ಲೆಕ್ಕ ಸರಿಯಿದ್ದರೂ ಉಪಯೋಗಕ್ಕೆ ಬರುವುದಿಲ್ಲ.

ಫೆರೈಟ್:
"ಲೆಕ್ಕ ಸರಿ" ಎಂದು ನೀವೇ ಬರೆದಿರಿ. ಧನ್ಯವಾದ.

ಅಂಚುಮಡಿಕೆ:
ಆ ಲೆಕ್ಕವೂ ಸರಿಯಲ್ಲ. ಸ್ಕಿನ್ ಡೆಪ್ತನ್ನು ಹಾಳೆಯ ದಪ್ಪದೊಂದಿಗೆ ಮಾತ್ರ ಹೋಲಿಸುವುದು ಅರ್ಧ ಓದಿದವರ ಪದ್ಧತಿ. ಕೀಯ ಸುತ್ತ ಹಾಳೆ ಪೂರ್ತಿ ಮುಚ್ಚಿಕೊಂಡಿದ್ದರೆ ಅದರಲ್ಲಿ ಎಡ್ಡಿ ಕರೆಂಟ್, ಅಂದರೆ ಬದಲಾಗುವ ಕಾಂತಕ್ಷೇತ್ರ ಲೋಹದಲ್ಲಿ ಹುಟ್ಟಿಸುವ ಸುಳಿ ವಿದ್ಯುತ್, ಸುತ್ತು ಹೊಡೆಯುತ್ತದೆ, ಒಳಗಿನ ಕ್ಷೇತ್ರವನ್ನು ಎದುರಿಸಿ ನಿಲ್ಲುತ್ತದೆ. ಆಗ ಮುಖ್ಯವಾಗುವುದು ದಪ್ಪವನ್ನು ಹೊದಿಕೆಯ ತ್ರಿಜ್ಯದಿಂದ ಗುಣಿಸಿದಾಗ ಬರುವ ಸಂಖ್ಯೆ. 3 ಸೆಂಟಿಮೀಟರ್ ತ್ರಿಜ್ಯದ ಗೋಳ, 16 ಮೈಕ್ರಾನ್ ಹಾಳೆ ಎಂದು ಹಿಡಿದರೆ ಕ್ಷೇತ್ರ ಐದಾರು ಪಟ್ಟು ಕುಗ್ಗುತ್ತದೆ, ಸುಮಾರು 15 ಡೆಸಿಬೆಲ್. ತಿಳಿಯುವುದೇ ಇಲ್ಲ ಎಂದದ್ದು ತಪ್ಪು.
ಆದರೆ ಡಬ್ಬಿಪ್ರಿಯರು ಬೀಗಬೇಕಾಗಿಲ್ಲ. ಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಕುಗ್ಗುವುದರಿಂದ, ಐದಾರು ಪಟ್ಟು ಕುಗ್ಗಿದರೂ ಕೀ ಕೇಳಿಸಿಕೊಳ್ಳುವ ದೂರ ಅರ್ಧಕ್ಕಿಂತ ಸ್ವಲ್ಪ ಹೆಚ್ಚೇ ಉಳಿಯುತ್ತದೆ. ಕಳ್ಳನ ಪೆಟ್ಟಿಗೆ ಇನ್ನೊಂದಿಷ್ಟು ಜೋರಾಗಿ ಕೂಗಿದರೆ ಅದೂ ಹೋಯಿತು. ಹಾಳೆಯ ಅಂಚನ್ನು ಮಡಿಸದೆ ಬಿಟ್ಟಿದ್ದರೆ 433ರ ಉತ್ತರವೂ ಆ ಸಂದಿಯಿಂದ ಸೋರುತ್ತದೆ.

ಫೆರೈಟ್:
"ಗೋಳ"? ಯಾರ ಕೀ ಗೋಳಾಕಾರದಲ್ಲಿದೆ ಸ್ವಾಮಿ? ಜೇಬಿನಲ್ಲಿ ಚಪ್ಪಟೆಯಾಗಿ ಬಿದ್ದಿರುವ ವಸ್ತುವಿಗೆ ಗೋಳದ ಸೂತ್ರ ಹಚ್ಚಿ ನನಗೆ ಅರ್ಧ ಓದಿದವನೆಂದು ಬಿರುದು ಕೊಡುತ್ತಿದ್ದೀರಿ.

ಅಂಚುಮಡಿಕೆ:
ಚಪ್ಪಟೆಯಾದರೆ ಅಂಕಿ ಸ್ವಲ್ಪ ಬದಲಾಗುತ್ತದೆ, ಕರೆಂಟ್ ಸುತ್ತುವುದನ್ನು ನಿಲ್ಲಿಸುವುದಿಲ್ಲ. ನೀವು ಶೂನ್ಯ ಎಂದಿದ್ದಿರಿ.

ಫೆರೈಟ್:
ಶೂನ್ಯ ಎಂಬ ಪದವನ್ನು ನಾನು ಬಳಸಿಲ್ಲ, ಮೇಲೆ ಹೋಗಿ ಓದಿ.

ಡಬ್ಬಿಪ್ರಿಯ:
ನಾನು ಮೇಲೆ ಹೋಗಿ ಓದಿದೆ. ಲ್ಯಾಪ್‌ಟಾಪಿನ ಲೋಹ ಕ್ಷೇತ್ರವನ್ನು "ನುಂಗಿತು" ಎಂದು ಬರೆದವರು ತಾವೇ. ಅಲ್ಲಿ ನುಂಗುವ ಅಲ್ಯೂಮಿನಿಯಂ ನನ್ನ ಹಾಳೆಯಲ್ಲಿ ಉಪವಾಸ ಕೂರುತ್ತದೆಯೇ? ಡಿಕ್ಕಿಯವರಿಗೆ ಒಂದು ನ್ಯಾಯ, ನನಗೆ ಒಂದು ನ್ಯಾಯ.

ಫೆರೈಟ್:
ಲ್ಯಾಪ್‌ಟಾಪಿನ ಕವಚ ಸ್ಕಿನ್ ಡೆಪ್ತ್‌ಗಿಂತ ದಪ್ಪ, ನಿಮ್ಮ ಹಾಳೆ ಅದರ ಹದಿನಾಲ್ಕನೇ ಒಂದು ಭಾಗ. ಇಷ್ಟು ಸರಳವಾದ ವ್ಯತ್ಯಾಸವನ್ನೂ ಬಿಡಿಸಿ ಹೇಳಬೇಕೆಂದರೆ ಈ ಚರ್ಚೆಯಲ್ಲಿ ನಾನು ಇರುವುದೇ ದಂಡ.

ಡಬ್ಬಿಪ್ರಿಯ:
ಹಾಗಾದರೆ ದಪ್ಪ ಇದ್ದರೆ ಆಗುತ್ತದೆ ಎಂದಾಯಿತು. ನಾನು ಹೇಳಿದ್ದೂ ಅದೇ.

ಬಾಗಿಲಹಿಡಿ:
ಡಿಕ್ಕಿಯ ವಿಷಯ ಕೇಳಿದವನು ನಾನು. ಯಾರಿಗಾದರೂ ನೆನಪಿದೆಯೇ?

ಬಿಡಿಭಾಗ:
ಈ ದುರಸ್ತಿಯೇ ನನ್ನ ಕಸುಬು. ಲ್ಯಾಪ್‌ಟಾಪ್ ಇಲ್ಲದೆ ಕೀಯೊಂದನ್ನೇ ಡಿಕ್ಕಿಯ ನಾಲ್ಕು ಮೂಲೆಯಲ್ಲೂ ಇಟ್ಟು, ಡಿಕ್ಕಿ ತೆರೆದಿಟ್ಟುಕೊಂಡೇ ಕಾರಿಗೆ ಅದು ಸಿಗುತ್ತದೆಯೇ ನೋಡಿ. ಎಲ್ಲೂ ಸಿಗದಿದ್ದರೆ ಹಿಂಬದಿಯ ಆಂಟೆನಾ ಸತ್ತಿದೆ, ಇಲ್ಲವೇ ಅದರ ಕನೆಕ್ಟರ್‌ಗೆ ನೀರು ಹೋಗಿದೆ. ಒಂದೇ ಮೂಲೆಯಲ್ಲಿ ಸಿಗದಿದ್ದರೆ ಅದು ಕುರುಡು ಮೂಲೆ, ಅದಕ್ಕೆ ಔಷಧವಿಲ್ಲ. ಕೀಯ ಬ್ಯಾಟರಿಯನ್ನೂ ಬದಲಿಸಿ. ಕಾರಿನೊಳಗೆ ಮೊಬೈಲಿನ ವೈರ್‌ಲೆಸ್ ಚಾರ್ಜರ್ ಮೇಲೆ ಕೀ ಇಡಬೇಡಿ, ಅದೂ ಇದೇ ಆವರ್ತನದ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ. ಕೀ ಹುಡುಕುವ ಹೊತ್ತಿಗೆ ಚಾರ್ಜರನ್ನು ಕ್ಷಣಕಾಲ ನಿಲ್ಲಿಸುವ ಕಾರುಗಳೂ ಇವೆ.

ಬಾಗಿಲಹಿಡಿ:
"ಕುರುಡು ಮೂಲೆ, ಅದಕ್ಕೆ ಔಷಧವಿಲ್ಲ." ನಾನು ಅಂದಾಜು ಎಂದಾಗ ಬೈದವರು ಈಗ ಎಲ್ಲಿದ್ದಾರೆ?

ಗಾಜಿನಾಚೆ:
ಹಾಳೆ ಬೇಡ, ಗೋಳ ಬೇಡ. ಫೋರ್ಡ್ 2019ರಲ್ಲಿ ಕೀಯೊಳಗೆ ಚಲನೆ ಗುರುತಿಸುವ ಸಂವೇದಕ ಕೊಟ್ಟಿತು. 40 ಸೆಕೆಂಡು ಅಲುಗಾಡದಿದ್ದರೆ ಕೀ ನಿದ್ದೆಗೆ ಜಾರುತ್ತದೆ, ಯಾರು ಕೂಗಿದರೂ ಓಗೊಡುವುದಿಲ್ಲ. ಮೊಳೆಗೆ ನೇತುಹಾಕಿದ ಕೀಗೆ ಇಷ್ಟು ಸಾಕು. ಜೇಬಿನಲ್ಲಿಟ್ಟುಕೊಂಡು ಓಡಾಡುವವರ ಹಿಂದೆ ಪೆಟ್ಟಿಗೆ ಹಿಡಿದು ಬರುವವನಿಗೆ ಮಾತ್ರ ಇದರಿಂದ ಏನೂ ತೊಂದರೆಯಿಲ್ಲ.

ನ್ಯಾನೋಸೆಕೆಂಡ್:
ಅದಕ್ಕೇ ಸಮಯವನ್ನು ಅಳೆಯಿರಿ ಎಂದದ್ದು. ರಿಲೇ ಮಾಡುವವನು ಸಿಗ್ನಲ್‌ನ ಬಲವನ್ನು ಹೆಚ್ಚಿಸಬಹುದು, ಪ್ರಯಾಣದ ಸಮಯವನ್ನು ಕಡಿಮೆ ಮಾಡಲಾರ. ಬೆಳಕಿಗಿಂತ ವೇಗವಾಗಿ ಯಾವ ಪೆಟ್ಟಿಗೆಯೂ ಓಡುವುದಿಲ್ಲ. ಅಲ್ಟ್ರಾವೈಡ್‌ಬ್ಯಾಂಡಿನ 2020ರ 802.15.4ಝಡ್ ಮಾನದಂಡದಲ್ಲಿ ಸಮಯದ ಗುರುತನ್ನೇ ಗುಪ್ತಲಿಪಿಯಿಂದ ಕಲಸಿದ್ದಾರೆ. ಫೋನನ್ನೇ ಕೀಯಾಗಿಸುವ 2021ರ ಡಿಜಿಟಲ್ ಕೀ 3.0 ಮಾನದಂಡ ಅದನ್ನು ಕಾರಿಗೆ ತಂದಿತು. ದೂರವನ್ನು ಕಡಿಮೆ ತೋರಿಸಲು ಸಾಧ್ಯವೇ ಇಲ್ಲ.

ಗಾಜಿನಾಚೆ:
"ಸಾಧ್ಯವೇ ಇಲ್ಲ" ಎಂಬುದನ್ನು 2022ರಲ್ಲೇ ಸಾಧ್ಯ ಮಾಡಿ ತೋರಿಸಿದ್ದಾರೆ. ಘೋಸ್ಟ್ ಪೀಕ್ ಎಂಬ ದಾಳಿಯಲ್ಲಿ 12 ಮೀಟರ್ ದೂರವನ್ನು ಅಲ್ಟ್ರಾವೈಡ್‌ಬ್ಯಾಂಡ್ ಚಿಪ್ ಸೊನ್ನೆ ಎಂದು ಓದಿತು. ಗುಪ್ತಲಿಪಿಯ ಸುದ್ದಿಗೇ ಹೋಗಲಿಲ್ಲ. ಸರಿಯಾದ ಹೊತ್ತಿಗೆ ಗದ್ದಲ ತುಂಬಿ, ಮೊದಲು ಬಂದ ಸಿಗ್ನಲ್ ಯಾವುದೆಂದು ಗುರುತಿಸುವಲ್ಲಿ ಎಡವಿಸಿದರು, ಅಷ್ಟೇ. 2024ರಲ್ಲಿ ಬೀಜಿಂಗ್‌ನ ಗೋಗೋಬೈಟ್ ಕಂಪನಿಯ ಸಂಶೋಧಕರು ಅಲ್ಟ್ರಾವೈಡ್‌ಬ್ಯಾಂಡ್ ಇದ್ದ ಟೆಸ್ಲಾ ಮಾಡೆಲ್ 3 ಕಾರನ್ನೇ ರಿಲೇ ಮಾಡಿ ತೆರೆದರು.

ನ್ಯಾನೋಸೆಕೆಂಡ್:
ಘೋಸ್ಟ್ ಪೀಕ್ ಗೆದ್ದದ್ದು ಹೆಚ್ಚೆಂದರೆ ಶೇಕಡಾ 4ರಷ್ಟು ಸಲ ಎಂಬುದನ್ನು ನುಂಗಿಕೊಂಡಿರಿ. ಟೆಸ್ಲಾ ವಿಷಯದಲ್ಲಿ ರಿಲೇ ಆದದ್ದು ಬ್ಲೂಟೂತ್. ಅಲ್ಟ್ರಾವೈಡ್‌ಬ್ಯಾಂಡ್ ಹೇಳಿದ ದೂರವನ್ನು ಬಾಗಿಲು ತೆರೆಯುವ ತೀರ್ಮಾನಕ್ಕೆ ಆಗ ಬಳಸಿಯೇ ಇರಲಿಲ್ಲ. ಕಾವಲುಗಾರನನ್ನು ನೇಮಿಸಿ ಅವನ ಮಾತು ಕೇಳದವರ ತಪ್ಪನ್ನು ಕಾವಲುಗಾರನ ತಲೆಗೆ ಕಟ್ಟಬೇಡಿ.

ಗಾಜಿನಾಚೆ:
ನೂರಕ್ಕೆ ನಾಲ್ಕು! ಸೆಕೆಂಡಿಗೆ ಹಲವು ಸಲ ಅಳೆಯುವ ವ್ಯವಸ್ಥೆಗೆ ಅದು ಕಡಿಮೆಯೇ?

ನ್ಯಾನೋಸೆಕೆಂಡ್:
ಒಂದೇ ಅಳತೆ ನಂಬಿ ಬಾಗಿಲು ತೆರೆಯುವ ಮೂರ್ಖರು ಇದ್ದರೆ ಅಲ್ಲ.

ಫೆರೈಟ್:
ನ್ಯಾನೋಸೆಕೆಂಡರ ಗಡಿಯಾರದ ಬಗ್ಗೆ ಎರಡು ಮಾತು. ಕೀ ಉತ್ತರಿಸಲು 300 ಮೈಕ್ರೋಸೆಕೆಂಡ್ ತೆಗೆದುಕೊಂಡು, ಎರಡು ಕಡೆಯ ಗಡಿಯಾರಗಳ ನಡುವೆ ದಶಲಕ್ಷಕ್ಕೆ 20ರಷ್ಟು ವ್ಯತ್ಯಾಸವಿದ್ದರೆ ದೂರದಲ್ಲಿ 90 ಸೆಂಟಿಮೀಟರ್ ತಪ್ಪುತ್ತದೆ. ಬಾಗಿಲಿನ ಈಚೆಯೋ ಆಚೆಯೋ ಎಂಬುದಕ್ಕೆ ಇದು ಸಾಕೇ? ಹಿಂಜೇಬಿನಲ್ಲಿ ಕೀ ಇದ್ದರೆ ಮನುಷ್ಯನ ಮೈಯೇ 6.5 ಗಿಗಾಹರ್ಟ್ಸ್‌ಗೆ ಗೋಡೆ. ನೇರ ದಾರಿ ಮುಚ್ಚಿ, ಪಕ್ಕದ ಕಾರಿಗೆ ಬಡಿದು ಬಂದ ಸಿಗ್ನಲ್ಲೇ ಮೊದಲನೆಯದಾಗುತ್ತದೆ, ದೂರ ಹೆಚ್ಚು ಕಾಣುತ್ತದೆ. 125 ಕಿಲೋಹರ್ಟ್ಸ್‌ನ ಕ್ಷೇತ್ರಕ್ಕೆ ಮೈ ಅಡ್ಡಿಯೇ ಅಲ್ಲ.

ನ್ಯಾನೋಸೆಕೆಂಡ್:
90 ಸೆಂಟಿಮೀಟರ್ ಬರುವುದು ಒಂದೇ ಸಲ ಹೋಗಿ ಬಂದರೆ. ಇನ್ನೊಂದು ಸಲ ಕಳುಹಿಸಿ ಎರಡೂ ಕಡೆಯಿಂದ ಅಳೆದರೆ ಆ ತಪ್ಪು ಬಹುಪಾಲು ಕಳೆದುಹೋಗುತ್ತದೆ. ಎಲ್ಲರೂ ಮಾಡುವುದೂ ಹಾಗೆಯೇ. ಹಳೆಯ ಪಾಠ ಒಪ್ಪಿಸಬೇಡಿ.

ಫೆರೈಟ್:
ಮೈ ಅಡ್ಡ ಬರುವುದರ ಬಗ್ಗೆ ಉತ್ತರ ಕಾಣಲಿಲ್ಲ.

ನ್ಯಾನೋಸೆಕೆಂಡ್:
ಕಡ್ಡಿಯ ತುದಿ ಮತ್ತು ಪಕ್ಕದ ಬಗ್ಗೆ ನಿಮ್ಮ ಉತ್ತರವೂ ನನಗೆ ಪೂರ್ತಿ ಕಾಣಲಿಲ್ಲ.

ಡಬ್ಬಿಪ್ರಿಯ:
ಅಂಚುಮಡಿಕೆ ಅವರೇ, ಹಾಳೆಯನ್ನು ಎರಡು ಪದರ ಸುತ್ತಿದರೆ?

ಅಂಚುಮಡಿಕೆ:
ದಪ್ಪ ಎರಡರಷ್ಟು, ಆದ್ದರಿಂದ ಹೆಚ್ಚುಕಡಿಮೆ ಹನ್ನೊಂದು ಪಟ್ಟು ಕುಗ್ಗುತ್ತದೆ. ಕೇಳಿಸುವ ದೂರ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಮುಚ್ಚಳ ಬಿಗಿಯಾಗಿ ಕೂರುವ ಉಕ್ಕಿನ ಡಬ್ಬಿ ಇದ್ದರೆ ಹಾಳೆಯ ಗೋಜೇ ಬೇಡ.

ಫೆರೈಟ್:
ಮತ್ತೆ ಗೋಳ.