ಹೆಡ್‌ಲೈಟ್ ಹಾಕಿದ ತಕ್ಷಣ ಕಾರಿನ ಸ್ಕ್ರೀನ್ ಕಪ್ಪಾಗತ್ತೆ, ಮ್ಯಾಪ್ ಹೇಳೋದು ಕೇಳಿಸಲ್ಲ, ಎಲ್ಲಿ ಸರಿ ಮಾಡ್ಬೇಕು?

ಮಳೆಹನಿ:
ಎಲ್ಲರಿಗೂ ನಮಸ್ಕಾರ. ಅಪ್ಪನ ಕಾರಲ್ಲಿ ಕಂಪನಿಯಿಂದಲೇ ಬಂದಿರೋ ಟಚ್ ಸ್ಕ್ರೀನ್ ಇದೆ, ಆಂಡ್ರಾಯ್ಡ್ ಆಟೋ (ಫೋನಿನ ಆ್ಯಪ್‌ಗಳನ್ನ ಕಾರಿನ ಸ್ಕ್ರೀನಲ್ಲಿ ತೋರಿಸೋದು) ಹಾಕ್ಕೊಂಡು ಗೂಗಲ್ ಮ್ಯಾಪ್ಸ್ ನೋಡ್ಕೊಂಡು ಓಡಿಸ್ತಾರೆ. ಎರಡು ತೊಂದರೆ ಇದೆ, ಎರಡೂ ಮೊನ್ನೆ ಒಂದೇ ಪ್ರಯಾಣದಲ್ಲಿ ಒಟ್ಟಿಗೆ ಬಂತು.

ಮಧ್ಯಾಹ್ನ ನಾಲ್ಕು ಗಂಟೆ ಇರಬಹುದು, ಜೋರು ಮಳೆ ಶುರುವಾಯ್ತು, ಅಪ್ಪ ಹೆಡ್‌ಲೈಟ್ ಹಾಕಿದ್ರು, ಅಷ್ಟೇ, ಸ್ಕ್ರೀನ್ ಪೂರ್ತಿ ಕಪ್ಪು. ಆಫ್ ಆಗಿಲ್ಲ, ಬಗ್ಗಿ ನೋಡಿದ್ರೆ ರಸ್ತೆ ಗೆರೆ ಮಸುಕಾಗಿ ಕಾಣತ್ತೆ, ಆದ್ರೆ ಹೊರಗೆ ಬೆಳಕಿರುವಾಗ ಅದು ಒರೆಸಿಟ್ಟ ಸ್ಲೇಟ್ ಥರ. ಲೈಟ್ ಆರಿಸಿದ್ರೆ ಮತ್ತೆ ಸರಿ. ನಾನು ಸೆಟ್ಟಿಂಗ್ಸ್‌ಗೆ ಹೋಗಿ ಬ್ರೈಟ್‌ನೆಸ್ ನೋಡಿದೆ, ಅದು ಆಗ್ಲೇ ಫುಲ್ಲಲ್ಲಿದೆ!

ಎರಡನೇದು ಮ್ಯಾಪ್ ವಾಯ್ಸು. ಹಾಡು ಹಾಕಿದ್ರೆ "ಮುಂದೆ ಎಡಕ್ಕೆ ತಿರುಗಿ" ಅನ್ನೋದು ಪಿಸುಗುಟ್ಟಿದ ಹಾಗೆ ಬರತ್ತೆ. ಕೇಳಿಸ್ತಿಲ್ಲ ಅಂತ ಅಪ್ಪ ನಾಬ್ ತಿರುಗಿಸೋಷ್ಟರಲ್ಲಿ ಅದು ಹೇಳಿ ಮುಗಿಸಿರತ್ತೆ, ಹಾಡು ಮಾತ್ರ ಕಿವಿ ಹರಿಯೋ ಹಾಗೆ ಹೊಡ್ಕೊಳ್ಳತ್ತೆ. ಹಿಂಗಾಗಿ ಮೊನ್ನೆ ಎರಡು ತಿರುವು ತಪ್ಪಿಸ್ಕೊಂಡ್ರು. ಅಪ್ಪಂಗೆ ವಯಸ್ಸು ಅರವತ್ತು ದಾಟಿದೆ, ಮಳೇಲಿ ಸ್ಕ್ರೀನ್ ಕಡೆ ಬಗ್ಗಿ ಬಗ್ಗಿ ನೋಡ್ಕೊಂಡು ಓಡಿಸೋದು ನೋಡಿದ್ರೆ ನಂಗೆ ಭಯ ಆಗತ್ತೆ. ಸರ್ವೀಸ್‌ನವ್ರನ್ನ ಕೇಳಿದ್ರೆ ಅದು ಹಾಗೇ ಇರೋದು ಅಂದ್ರು. ನಿಜವಾಗ್ಲೂ ಹಾಗೇನಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ವೈರಿಂಗ್ ಕೆಲಸ:
ಹಾಗೇ ಇರೋದು ಅನ್ನೋದು ಅರ್ಧ ಸರಿ ಅಷ್ಟೇ ಮೇಡಂ, ಬದಲಾಯಿಸ್ಬಹುದು. ಹತ್ತು ವರ್ಷದಿಂದ ಕಾರ್ ಆಡಿಯೋ ಫಿಟ್ಟಿಂಗ್ ಮಾಡ್ತಿದೀನಿ, ಕಾರ್ ತಂದೋರು ಹೆಚ್ಚಾಗಿ ಕೇಳೋ ಪ್ರಶ್ನೆನೇ ಇದು.

ಮೊದ್ಲು ಸ್ಕ್ರೀನ್ ಯಾಕೆ ಕಪ್ಪಾಗತ್ತೆ ಅಂತ ಹೇಳ್ತೀನಿ. ಪಾರ್ಕಿಂಗ್ ಲೈಟೋ ಹೆಡ್‌ಲೈಟೋ ಹಾಕಿದ ಕೂಡ್ಲೇ ಆ ಸ್ಕ್ರೀನ್ ಯೂನಿಟ್‌ಗೆ ಒಂದು ಸಿಗ್ನಲ್ ಹೋಗತ್ತೆ, ಹಳೇ ಕಾರುಗಳಲ್ಲಿ ಅದಕ್ಕಂತಲೇ ಒಂದು ಬೇರೆ ವೈರ್ ಇರತ್ತೆ, ನಾವು ಇಲ್ಯುಮಿನೇಶನ್ ವೈರ್ ಅಂತೀವಿ. ಸಿಗ್ನಲ್ ಬಂತು ಅಂದ್ರೆ ಯೂನಿಟ್ ಲೆಕ್ಕದಲ್ಲಿ ರಾತ್ರಿ ಆಯ್ತು. ಹೊರಗೆ ಮಧ್ಯಾಹ್ನದ ಮಳೆನಾ, ಸುರಂಗನಾ, ನಡುರಾತ್ರಿನಾ ಅಂತ ಅದಕ್ಕೆ ಗೊತ್ತಾಗಲ್ಲ. ಬೆಳಕಿನ ಸೆನ್ಸರ್ ಇರೋ ಕಾರಾದ್ರೆ ಸ್ವಲ್ಪ ಪರವಾಗಿಲ್ಲ, ಇಲ್ಲದಿದ್ರೆ ಲೈಟ್ ಸ್ವಿಚ್ ಹೇಳಿದ್ದೇ ಅದಕ್ಕೆ ವೇದ.

ಈಗ ಮುಖ್ಯ ವಿಷಯ. ಹಗಲಿನ ಬ್ರೈಟ್‌ನೆಸ್ ಬೇರೆ, ರಾತ್ರಿ ಬ್ರೈಟ್‌ನೆಸ್ ಬೇರೆ, ಯೂನಿಟ್ ಎರಡನ್ನೂ ಬೇರೆ ಬೇರೆ ನೆನಪಿಟ್ಕೊಂಡಿರತ್ತೆ. ನೀವು ನೋಡಿದ್ದು ಹಗಲಿಂದು, ಅದಕ್ಕೇ ಫುಲ್ ತೋರಿಸ್ತು. ಗಾಡಿ ನಿಲ್ಸಿ ಹೆಡ್‌ಲೈಟ್ ಹಾಕಿ, ಸ್ಕ್ರೀನ್ ಕಪ್ಪಾಗ್ಲಿ, ಆ ಕಪ್ಪಾಗಿರೋ ಹೊತ್ತಲ್ಲೇ ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆಗೆದು ಬ್ರೈಟ್‌ನೆಸ್ ಏರಿಸಿ. ಬ್ರೈಟ್‌ನೆಸ್ ತೋರಿಸೋ ಅದೇ ಗೆರೆ ಈಗ ಕೆಳಗಡೆ ಎಲ್ಲೋ ನಿಂತಿರೋದು ಕಾಣತ್ತೆ.

ಜೊತೆಗೆ ಸ್ಟೇರಿಂಗ್ ಬಲಗಡೆನೋ ಎಡಗಡೆನೋ ಡ್ಯಾಶ್‌ಬೋರ್ಡಲ್ಲಿ ಬೆರಳಿಂದ ಉರುಳಿಸೋ ಒಂದು ಸಣ್ಣ ಚಕ್ರ ಅಥವಾ ಪ್ಲಸ್ ಮೈನಸ್ ಬಟನ್ ಇದೆಯಾ ನೋಡಿ. ಅದು ಮೀಟರಿನ ಬೆಳಕು ಕಮ್ಮಿ ಜಾಸ್ತಿ ಮಾಡೋದು. ಕೆಲವು ಕಾರಲ್ಲಿ ಅದನ್ನ ಕಡೇವರೆಗೂ ಮೇಲಕ್ಕೆ ತಿರುಗಿಸಿದ್ರೆ ಲೈಟ್ ಹಾಕಿದ್ರೂ ಸ್ಕ್ರೀನ್ ಮಬ್ಬಾಗೋದೇ ನಿಂತು ಹೋಗತ್ತೆ. ಮಳೆಗೆ ಇದೇ ಸುಲಭದ ದಾರಿ, ಮೆನು ಹುಡುಕ್ಬೇಕಾಗಿಲ್ಲ, ಕಣ್ಣು ರಸ್ತೆ ಮೇಲೇ ಇರತ್ತೆ.

ಇನ್ನೊಂದು, ಮ್ಯಾಪ್ ಬಣ್ಣ ಕಪ್ಪಾಗೋದು ಬೇರೆ, ಸ್ಕ್ರೀನಿನ ಬೆಳಕು ಕಮ್ಮಿಯಾಗೋದು ಬೇರೆ. ಬಣ್ಣ ಬೇಕಾದ್ರೆ ಆಂಡ್ರಾಯ್ಡ್ ಆಟೋ ಸೆಟ್ಟಿಂಗ್ಸಲ್ಲಿ ಹಗಲು ಅಂತ ಫಿಕ್ಸ್ ಮಾಡ್ಬಹುದು, ಆದ್ರೆ ಅದರಿಂದ ಬೆಳಕು ಏರಲ್ಲ. ಜನ ಇವೆರಡನ್ನ ಒಂದೇ ಅಂದ್ಕೊಂಡು ತಲೆ ಕೆಡಿಸ್ಕೊಳ್ತಾರೆ.

ಬೆಟ್ಟದ ದಾರಿ:
ಇಷ್ಟೆಲ್ಲಾ ಯಾಕೆ, ಆಟೋ ಡಿಮ್ಮಿಂಗ್ ಆಫ್ ಮಾಡಿ ಬಿಡಿ, ಯಾವಾಗ್ಲೂ ಫುಲ್ ಬ್ರೈಟಲ್ಲೇ ಇರ್ಲಿ. ನಾನು ಹಂಗೇ ಇಟ್ಕೊಂಡಿದೀನಿ.

ವೈರಿಂಗ್ ಕೆಲಸ:
ಬೇಡ ಸಾರ್, ದಯವಿಟ್ಟು ಅಪ್ಪಂಗೆ ಅದು ಹೇಳ್ಬೇಡಿ. ರಾತ್ರಿ ಬೀದಿ ದೀಪ ಇಲ್ಲದ ರಸ್ತೇಲಿ ಮುಖದ ಹತ್ರ ಬೆಳ್ಳಗೆ ಹೊಳೀತಿದ್ರೆ ಹೊರಗಿನ ಕತ್ತಲು ಇನ್ನೂ ಗಾಢವಾಗಿ ಕಾಣತ್ತೆ. ಕಣ್ಣು ಕತ್ತಲಿಗೆ ಪೂರ್ತಿ ಒಗ್ಗೋಕೆ 20-30 ನಿಮಿಷ ಬೇಕು, ಬೆಳಕು ಬಿದ್ದ ಒಂದು ಕ್ಷಣಕ್ಕೆ ಅದು ಹಾಳಾಗತ್ತೆ. ವಯಸ್ಸಾದವ್ರಿಗೆ ಮತ್ತೆ ಒಗ್ಗೋಕೆ ಇನ್ನೂ ಜಾಸ್ತಿ ಹೊತ್ತು ಹಿಡಿಯತ್ತೆ. ರಾತ್ರಿ ಮಟ್ಟನ ನಿಜವಾದ ಕತ್ತಲಲ್ಲೇ ಗಾಡಿ ನಿಲ್ಸಿ ಕೂತು ಹೊಂದಿಸಿ, ಅಕ್ಷರ ಓದೋಕೆ ಆಗ್ಬೇಕು, ಕಣ್ಣಿಗೆ ಚುಚ್ಚಬಾರದು, ಅಷ್ಟು. ಮಳೆಗೆ ಆ ಚಕ್ರ ಇದೆಯಲ್ಲ.

ನಿಧಾನವೇ ಚಂದ:
ಮ್ಯಾಪ್ ವಾಯ್ಸ್ ಬಗ್ಗೆ ನಾನು ಹೇಳ್ತೀನಿ ಯಾಕಂದ್ರೆ ನಾನೂ ಇದೇ ಕಷ್ಟಪಟ್ಟಿದ್ದೆ, ತಿಂಗಳುಗಟ್ಲೆ. ಬ್ರೈಟ್‌ನೆಸ್‌ಗೆ ಅಣ್ಣ ಹೇಳಿದ ಮಾತೇ ಇಲ್ಲೂ. ಹಾಡಿನ ವಾಲ್ಯೂಮ್, ಫೋನ್ ಕಾಲ್ ವಾಲ್ಯೂಮ್, ರಿಂಗ್‌ಟೋನು, ಮ್ಯಾಪಿನ ಮಾತು, ರಿವರ್ಸ್ ಹಾಕಿದಾಗಿನ ಬೀಪು, ಎಲ್ಲಾ ಬೇರೆ ಬೇರೆ, ನಾಬ್ ಮಾತ್ರ ಒಂದೇ. ಆ ನಾಬು ಆ ಕ್ಷಣಕ್ಕೆ ಯಾವ ಸದ್ದು ಬರ್ತಿದೆಯೋ ಅದನ್ನೇ ಹಿಡ್ಕೊಳ್ಳತ್ತೆ. ಮ್ಯಾಪ್ ಮಾತಾಡ್ತಿರುವಾಗ ತಿರುಗಿಸಿದ್ರೆ ಮ್ಯಾಪಿಂದು ಏರತ್ತೆ, ಅದು ಬಾಯಿ ಮುಚ್ಚಿದ ಮೇಲೆ ತಿರುಗಿಸಿದ್ರೆ ಹಾಡಿಂದು. ನಿಮ್ಮಪ್ಪ ಪ್ರತಿ ಸಲ ಅರ್ಧ ಸೆಕೆಂಡ್ ತಡವಾಗಿ ಹಾಡಿನದ್ದನ್ನೇ ಏರಿಸ್ತಿದಾರೆ.

ಮಾಡೋದೇನು ಅಂದ್ರೆ, ಗಾಡಿ ನಿಂತಿರುವಾಗ ಹಾಡು ಆಫ್ ಮಾಡಿ, ಮ್ಯಾಪಲ್ಲಿ ಯಾವ್ದಾದ್ರೂ ಜಾಗಕ್ಕೆ ರೂಟ್ ಹಾಕಿ, ಶುರು ಮಾಡಿದ ಕೂಡ್ಲೇ ಅದು ಒಂದು ಉದ್ದ ವಾಕ್ಯ ಹೇಳತ್ತೆ, ಆಗ ತಿರುಗಿಸಿ. ಸಾಲದಿದ್ರೆ ರೂಟ್ ಕ್ಯಾನ್ಸಲ್ ಮಾಡಿ ಮತ್ತೆ ಶುರು ಮಾಡಿ, ಮತ್ತೆ ತಿರುಗಿಸಿ. ಎರಡು ಮೂರು ಸಲಕ್ಕೆ ಸರಿಹೋಗತ್ತೆ. ಬೇರೆಯವ್ರು ಪಕ್ಕದಲ್ಲಿ ಕೂತು ಒಬ್ರು ರೂಟ್ ಹಾಕಿ ಒಬ್ರು ನಾಬ್ ಹಿಡ್ಕೊಂಡ್ರೆ ಇನ್ನೂ ಸಲೀಸು. ಕಾರಿನ ಸೌಂಡ್ ಸೆಟ್ಟಿಂಗ್ಸಲ್ಲಿ ನ್ಯಾವಿಗೇಶನ್ ಅಂತ ಪ್ರತ್ಯೇಕ ಗೆರೆ ಇದ್ರೆ ಅಲ್ಲೇ ಮಾಡ್ಬಹುದು, ಎಲ್ಲಾ ಕಾರಲ್ಲೂ ಇರಲ್ಲ.

ಫೋನಲ್ಲೂ ಒಂದು ಇದೆ. ಗೂಗಲ್ ಮ್ಯಾಪ್ಸ್ ಆ್ಯಪಿನ ನ್ಯಾವಿಗೇಶನ್ ಸೆಟ್ಟಿಂಗ್ಸಲ್ಲಿ ಮಾತಿನ ಜೋರು ಮೆಲ್ಲಗೆ, ಸಾಮಾನ್ಯ, ಜೋರಾಗಿ ಅಂತ ಮೂರು ಮಟ್ಟ ಇರತ್ತೆ. ಅದು ಮೆಲ್ಲಗೆ ಅನ್ನೋದರಲ್ಲಿದ್ರೆ ಕಾರಲ್ಲಿ ಎಷ್ಟು ತಿರುಗಿಸಿದ್ರೂ ಅಷ್ಟಕ್ಕಷ್ಟೇ.

ಮಳೆಹನಿ:
ಇಬ್ಬರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಇವತ್ತು ಸಂಜೆ ಅಪ್ಪನ್ನೂ ಕೂರಿಸ್ಕೊಂಡು ಮಾಡಿದೆ. ಬ್ರೈಟ್‌ನೆಸ್ ಸರಿಯಾಯ್ತು! ಲೈಟ್ ಹಾಕಿ ನೋಡಿದ್ರೆ ಗೆರೆ ಬುಡದಿಂದ ಎರಡನೇ ಗೀಟಲ್ಲಿತ್ತು, ಇಷ್ಟು ದಿನ ಯಾರೂ ಅಲ್ಲಿ ನೋಡೇ ಇರ್ಲಿಲ್ಲ. ಚಕ್ರನೂ ಸಿಕ್ತು, ಸ್ಟೇರಿಂಗ್ ಹಿಂದೆ ಅಡಗಿತ್ತು, ಮೂರು ವರ್ಷದಿಂದ ಅದು ಹೆಡ್‌ಲೈಟಿನ ಎತ್ತರ ಹೊಂದಿಸೋದು ಅಂದ್ಕೊಂಡಿದ್ರು ಅಪ್ಪ.

ಆದ್ರೆ ವಾಯ್ಸ್ ಇನ್ನೂ ಪೂರ್ತಿ ಸರಿ ಹೋಗಿಲ್ಲ. ಫೋನಲ್ಲಿ ಜೋರಾಗಿ ಅಂತ ಇಟ್ಟೆ, ಅದು ಹೇಳುವಾಗ್ಲೇ ನಾಬ್ ತಿರುಗಿಸಿದೆ, ಮೊದಲಿಗಿಂತ ಎಷ್ಟೋ ಮೇಲು. ಆದ್ರೂ ಅಪ್ಪ "ಸದ್ದು ಕೇಳತ್ತೆ, ಏನು ಹೇಳ್ತಿದೆ ಅಂತ ತಿಳಿಯಲ್ಲ" ಅಂತಾರೆ. ಹಿಂದೆ ಕೂತ ನಂಗೆ ಚೆನ್ನಾಗೇ ಕೇಳ್ತಿದೆ.

ವೈರಿಂಗ್ ಕೆಲಸ:
ಹಿಂದೆ ಕೂತವ್ರಿಗೆ ಚೆನ್ನಾಗಿ ಕೇಳತ್ತೆ ಅಂದ್ರಲ್ಲ, ಅಲ್ಲೇ ಇದೆ ನೋಡಿ. ಸೌಂಡ್ ಸೆಟ್ಟಿಂಗ್ಸಲ್ಲಿ ಫೇಡರ್ ಮತ್ತೆ ಬ್ಯಾಲೆನ್ಸ್ ಅಂತ ಇರತ್ತೆ, ಹೆಚ್ಚಿನ ಕಾರಲ್ಲಿ ಮೇಲಿಂದ ಕಂಡ ಹಾಗೆ ಕಾರಿನ ಚಿತ್ರ, ಅದರೊಳಗೆ ಒಂದು ಚುಕ್ಕಿ. ಆ ಚುಕ್ಕಿ ಎಲ್ಲಿದೆ ನೋಡಿ. ಹಿಂದಿನ ಸೀಟಿನ ಕಡೆ ಸರಿದಿದ್ರೆ ಮುಂದಿನ ಸ್ಪೀಕರ್‌ಗಳಿಗೆ ಸದ್ದೇ ಕಮ್ಮಿ ಬರತ್ತೆ. ನಡುವಿಗೆ ತನ್ನಿ, ಇನ್ನೂ ಒಂದು ಸ್ವಲ್ಪ ಡ್ರೈವರ್ ಕಡೆಗೆ ತಂದ್ರೂ ತಪ್ಪಿಲ್ಲ.

ಎರಡನೇದು ಈಕ್ವಲೈಸರ್, ಅಂದ್ರೆ ದಪ್ಪ ಸದ್ದು (ಬಾಸ್), ನಡುವಿನದ್ದು (ಮಿಡ್), ತೆಳು ಸದ್ದು (ಟ್ರೆಬಲ್) ಬೇರೆ ಬೇರೆ ಏರಿಸಿ ಇಳಿಸೋದು. "ಸದ್ದು ಕೇಳತ್ತೆ, ಮಾತು ತಿಳಿಯಲ್ಲ" ಅನ್ನೋದನ್ನ ವಯಸ್ಸಾದ ಎಷ್ಟೋ ಜನ ಹೇಳೋದು ಕೇಳಿದೀನಿ. ವಯಸ್ಸಾಗ್ತಾ ಮೊದ್ಲು ಕಮ್ಮಿಯಾಗೋದು ತೆಳು ಸದ್ದು ಕೇಳೋ ಶಕ್ತಿ. ಸ, ಶ, ತ, ಪ ಇಂಥ ಅಕ್ಷರಗಳ ಗುರುತು ಇರೋದೇ ಆ ತೆಳು ಸದ್ದಲ್ಲಿ. ಸ್ವರ ಮಾತ್ರ ದಪ್ಪಗೆ ಕೇಳತ್ತೆ, ವ್ಯಂಜನ ಕೇಳಲ್ಲ, ಅದಕ್ಕೇ ಗೊಣಗಿದ ಹಾಗೆ ಅನ್ನಿಸೋದು. ಬಾಸ್ ಏರಿಸಿದ್ರೆ ಇರೋದೂ ಮುಚ್ಚಿಹೋಗತ್ತೆ. ಬಾಸ್ ಸೊನ್ನೆಗೆ ತನ್ನಿ ಅಥವಾ ಒಂದೆರಡು ಕೆಳಗೆ ಇಳಿಸಿ, ಮಿಡ್ ಮತ್ತೆ ಟ್ರೆಬಲ್ ಎರಡು ಮೂರು ಏರಿಸಿ, ಅಪ್ಪ ಅವರ ಸೀಟಲ್ಲೇ ಕೂತಿರ್ಲಿ, ಮ್ಯಾಪ್ ಮಾತಾಡ್ತಿರ್ಲಿ, ಅವರ ಕಿವಿ ಒಪ್ಪಿದ್ದೇ ಸರಿ. ನಿಮ್ಮ ಕಿವಿಗೆ ಚುರುಕಾಗಿ ಕೇಳಬಹುದು, ಪರವಾಗಿಲ್ಲ, ಓಡಿಸೋರು ಅವರು.

ಹಿಂದಿನ ಸೀಟು:
ವೇಗಕ್ಕೆ ತಕ್ಕ ಹಾಗೆ ವಾಲ್ಯೂಮ್ ಏರೋ ಸೆಟ್ಟಿಂಗ್ ಇದ್ರೆ ಅದನ್ನೂ ನೋಡಿ, ಸೌಂಡ್ ಮೆನುನಲ್ಲೇ ಇರತ್ತೆ. ಆಫ್, ಕಡಿಮೆ, ಮಧ್ಯಮ, ಜಾಸ್ತಿ ಅಂತ. ನಿಂತಲ್ಲಿ ಹೊಂದಿಸಿದ ವಾಲ್ಯೂಮು 80 ದಾಟಿದ ಮೇಲೆ ಟೈರಿನ ಸದ್ದಲ್ಲಿ ಮುಳುಗಿ ಹೋಗತ್ತೆ, ಮಧ್ಯಮದಲ್ಲಿ ಇಟ್ರೆ ಅದೇ ಏರತ್ತೆ ಅದೇ ಇಳಿಯತ್ತೆ. ಬ್ಲೂಟೂತಲ್ಲಿ ಬರೀ ಹಾಡು ಕೇಳೋವಾಗ ಫೋನಿನ ವಾಲ್ಯೂಮ್ ಅರ್ಧಕ್ಕಿದ್ರೆ ಕಾರಲ್ಲಿ ತುಂಬಾ ಏರಿಸ್ಬೇಕಾಗತ್ತೆ, ಆಮೇಲೆ ಎಫ್‌ಎಂಗೆ ಬದಲಾಯಿಸಿದ್ರೆ ಬೆಚ್ಚಿ ಬೀಳೋ ಹಾಗೆ ಹೊಡಿಯತ್ತೆ. ಫೋನನ್ನ ಹೆಚ್ಚುಕಮ್ಮಿ ಫುಲ್ಲಲ್ಲಿಟ್ಟು ಕಾರಲ್ಲಿ ಕಮ್ಮಿ ಇಡೋದು ಒಳ್ಳೇದು.

ಬೆಟ್ಟದ ದಾರಿ:
ಇದ್ಯಾವ್ದೂ ಆಗ್ಲಿಲ್ಲ ಅಂದ್ರೆ ಫ್ಯಾಕ್ಟರಿ ರೀಸೆಟ್ ಹೊಡೀರಿ, ಎಲ್ಲಾ ಮೊದಲಿನ ಹಾಗಾಗತ್ತೆ.

ನಿಧಾನವೇ ಚಂದ:
ರೀಸೆಟ್ ಕಡೇ ಮಾತು ಬ್ರದರ್. ಜೋಡಿಸಿದ ಫೋನ್‌ಗಳು, ಉಳಿಸಿಟ್ಟ ಎಫ್‌ಎಂ ಸ್ಟೇಷನ್‌ಗಳು, ಭಾಷೆ, ಈಗಷ್ಟೇ ಕೂತು ಹೊಂದಿಸಿದ ರಾತ್ರಿ ಬ್ರೈಟ್‌ನೆಸ್, ಎಲ್ಲಾ ಹೋಗತ್ತೆ. ಸ್ಕ್ರೀನ್ ಸಿಕ್ಕಾಕ್ಕೊಂಡ್ರೆ ಅನೇಕ ಕಾರಲ್ಲಿ ಪವರ್ ಬಟನ್ನನ್ನೇ ಹತ್ತು ಸೆಕೆಂಡ್ ಮೇಲೆ ಒತ್ತಿ ಹಿಡಿದ್ರೆ ಬರೀ ರೀಸ್ಟಾರ್ಟ್ ಆಗತ್ತೆ, ಸೆಟ್ಟಿಂಗ್ಸ್ ಉಳ್ಕೊಳ್ಳತ್ತೆ. ರೀಸೆಟ್ ಮಾಡಲೇಬೇಕು ಅಂತಿದ್ರೆ ಪ್ರತಿ ಮೆನುವಿಂದೂ ಫೋನಲ್ಲಿ ಒಂದೊಂದು ಫೋಟೋ ತೆಗೆದಿಟ್ಕೊಳ್ಳಿ. ರೀಸೆಟ್ ನಿಜವಾಗ್ಲೂ ಬೇಕಾಗೋದು ಕಾರ್ ಮಾರುವಾಗ. ನಾನು ಕೊಂಡ ಸೆಕೆಂಡ್ ಹ್ಯಾಂಡ್ ಕಾರಲ್ಲಿ ಹಿಂದಿನವ್ರ ಕಾಲ್ ಲಿಸ್ಟು, ಮನೆ ವಿಳಾಸ ಎಲ್ಲಾ ಹಾಗೇ ಇತ್ತು, ನೋಡಿ ನಂಗೇ ಮುಜುಗರ ಆಯ್ತು, ಮೊದ್ಲು ಅದನ್ನ ಅಳಿಸಿದೆ.

ವೈರಿಂಗ್ ಕೆಲಸ:
ಇನ್ನೊಂದು ಮಾತು ಹೇಳೋಕೆ ಮರೆತಿದ್ದೆ. ಎಂಜಿನ್ ಆಫ್ ಮಾಡಿ ಹೆಡ್‌ಲೈಟ್ ಹಾಕ್ಕೊಂಡು ಅರ್ಧ ಗಂಟೆ ಸೆಟ್ಟಿಂಗ್ಸ್ ಮಾಡ್ತಾ ಕೂತ್ರೆ ಬ್ಯಾಟರಿ ಇಳಿಯತ್ತೆ, ಹಳೇ ಬ್ಯಾಟರಿ ಆದ್ರೆ ಆಮೇಲೆ ಸ್ಟಾರ್ಟೇ ಆಗಲ್ಲ. ಪಾರ್ಕಿಂಗ್ ಲೈಟ್ ಮಾತ್ರ ಹಾಕಿದ್ರೂ ಸಾಮಾನ್ಯವಾಗಿ ಸ್ಕ್ರೀನ್ ರಾತ್ರಿಗೆ ಹೋಗತ್ತೆ, ಅಷ್ಟು ಸಾಕು. ಎಂಜಿನ್ ಓಡಿಸ್ಕೊಂಡು ಮಾಡೋದಾದ್ರೆ ಬಯಲಲ್ಲಿ ಮಾಡಿ, ಮುಚ್ಚಿದ ಗ್ಯಾರೇಜಲ್ಲಿ ಖಂಡಿತ ಬೇಡ, ಹೊಗೇಲಿರೋ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆನೂ ಇರಲ್ಲ ಬಣ್ಣನೂ ಇರಲ್ಲ, ಗೊತ್ತಾಗೋ ಹೊತ್ತಿಗೆ ತಡ ಆಗಿರತ್ತೆ.

ಮಳೆಹನಿ:
ವೈರಿಂಗ್ ಅಣ್ಣ, ನೀವು ಹೇಳಿದ್ದು ನೂರಕ್ಕೆ ನೂರು ನಿಜ! ಚುಕ್ಕಿ ಪೂರ್ತಿ ಹಿಂದೆ ಇತ್ತು. ಯಾರು ಸರಿಸಿದ್ದು ಅಂತ ಕೇಳಿದ್ರೆ ಅಪ್ಪನೇ. ಹೋದ ವರ್ಷ ನನ್ನ ಮಗಳು ಹಿಂದೆ ಕೂತು "ತಾತ, ಹಾಡು ಕೇಳಲ್ಲ" ಅಂದಿದ್ದಕ್ಕೆ ಅವಳಿಗೋಸ್ಕರ ಸರಿಸಿ ಮರೆತುಬಿಟ್ಟಿದ್ರಂತೆ.

ನಡುವಿಗೆ ತಂದೆ, ಬಾಸ್ ಐದರಲ್ಲಿತ್ತು, ಸೊನ್ನೆಗೆ ಇಳಿಸಿದೆ, ಟ್ರೆಬಲ್ ಮೂರು ಮಾಡಿದೆ. ರೂಟ್ ಹಾಕಿ ಶುರು ಮಾಡಿದೆ. ಅಪ್ಪ ಎರಡೂ ಕೈ ಸ್ಟೇರಿಂಗ್ ಮೇಲಿಟ್ಕೊಂಡು ಮುಂದಕ್ಕೆ ನೋಡ್ತಾ ಕೂತಿದ್ರು, ಮ್ಯಾಪ್ ಹೇಳಿದ ವಾಕ್ಯನ ಹಾಗೇ ತಿರುಗಿ ಹೇಳಿದ್ರು, ಒಂದು ಪದನೂ ಬಿಡದೆ. ಆಮೇಲೆ ಹಾಡು ಹಾಕಿ ಇನ್ನೊಂದ್ಸಲ ಮಾಡು ಅಂದ್ರು. ಆಗ್ಲೂ ತಿಳೀತು. ಮಗಳು ಹಿಂದಿನ ಸೀಟಿಂದ ಹಾಡು ಕಮ್ಮಿ ಆಯ್ತು ಅಂತ ಶುರು ಮಾಡಿದಾಳೆ, ಚುಕ್ಕಿನ ಮುಟ್ಟೋ ಹಾಗಿಲ್ಲ ಅಂತ ತಾತನೇ ಹೇಳಿದಾರೆ.