ಸಮುದ್ರದ ನೆಂಟಸ್ತನ

ಸಮುದ್ರತೀರಕ್ಕೆ ಎರಡು ದಿನಗಳ ಮಟ್ಟಿಗೆ ಹೋಗಿಬರಬೇಕೆಂದು ಆರು ತಿಂಗಳಿನಿಂದ ಆಡುತ್ತಿದ್ದ ಮಾತು ಕೊನೆಗೂ ದಿನ ಗೊತ್ತುಮಾಡುವ ಹಂತಕ್ಕೆ ಬಂದಾಗ, ಶ್ರೀಪತಿಯು ಗಂಟಲನ್ನು ಸರಿಪಡಿಸಿಕೊಂಡು, ತಾನು ಮಾತ್ರ ಬರಲಾಗುವುದಿಲ್ಲವೆಂದು ತಿಳಿಸಿದನು. ಏಕೆಂದು ಕೇಳಿದೆವು.

"ಸಮುದ್ರವನ್ನು ನೋಡಿಕೊಳ್ಳುವವರು ಯಾರೂ ಇಲ್ಲ," ಎಂದನು.

ತನ್ನ ಕಿವಿ ಸರಿಯಾಗಿದೆಯೇ ಎಂಬಂತೆ ಶೇಷಣ್ಣನು ನನ್ನ ಮುಖವನ್ನು ನೋಡಿದನು. ಕಿವಿ ಸರಿಯಾಗಿಯೇ ಇತ್ತು. ಶ್ರೀಪತಿಯ ನಡುಮನೆಯಲ್ಲಿ 300 ಲೀಟರು ಹಿಡಿಯುವ ಗಾಜಿನ ತೊಟ್ಟಿಯೊಂದಿದೆ. ಅದರಲ್ಲಿ ಉಪ್ಪುನೀರು, ಬಂಡೆಗಳು, ಹವಳಗಳು, ಐದು ಮೀನುಗಳು ಇವೆ. ಅದರ ಮುಂದೆ ಕುಳಿತೇ ನಾವು ಪ್ರಯಾಣದ ಮಾತನ್ನು ಆಡುತ್ತಿದ್ದೆವು.

"ಅಂದರೆ, ಸಮುದ್ರವಿರುವುದರಿಂದ ಸಮುದ್ರಕ್ಕೆ ಬರಲಾಗುವುದಿಲ್ಲ," ಎಂದು ಶೇಷಣ್ಣನು ಲೆಕ್ಕವನ್ನು ಒಪ್ಪಿಸಿದನು. "ನೀನು ನಿಜವಾದ ಸಮುದ್ರವನ್ನು ಕೊನೆಯ ಸಲ ನೋಡಿದ್ದು ಯಾವಾಗ?"

"ಇದನ್ನು ಇಟ್ಟ ಮೇಲೆ ನೋಡಿಲ್ಲ. ನಾಲ್ಕು ವರ್ಷಗಳಾದವು."

"ಅಯ್ಯಾ, ನಿನ್ನ ಹೆಸರಿನವನನ್ನು ನೋಡಿಯಾದರೂ ಕಲಿಯಬಾರದೇ? ಲಕ್ಷ್ಮಿಯು ಸಮುದ್ರರಾಜನ ಮಗಳು. ಆದುದರಿಂದ ಆ ಶ್ರೀಪತಿಗೆ ಸಮುದ್ರವೆಂದರೆ ಮಾವನ ಮನೆ. ಅವನು ಜಾಣ, ಮಾವನ ಮನೆಗೆ ಹೋಗಿ ಹಾಯಾಗಿ ಮಲಗಿಬಿಟ್ಟ. ನೀನಾದರೋ ಮಾವನನ್ನೇ ಮನೆಗೆ ಕರೆತಂದು ಮಲಗಿಸಿದ್ದೀಯೆ. ಅವನದು ಯೋಗನಿದ್ರೆಯಾಯಿತು, ನಿನ್ನದು ಜಾಗರಣೆಯಾಯಿತು."

"ಆ ಕಥೆಯಲ್ಲಿ ಶೇಷನು ಹಾಸಿಗೆ," ಎಂದನು ಶ್ರೀಪತಿ. "ಹಾಸಿಗೆಯು ಬಾಯಿ ಬಿಟ್ಟದ್ದನ್ನು ನಾನು ಎಲ್ಲಿಯೂ ಕೇಳಿಲ್ಲ."

ಆ ಸಂಜೆ ಶ್ರೀಪತಿಗೆ ದಕ್ಕಿದ ಗೆಲುವು ಇದೊಂದೇ ಆದುದರಿಂದ, ಅದನ್ನು ಮೊದಲೇ ಬರೆದಿಟ್ಟು ಸ್ನೇಹಧರ್ಮವನ್ನು ಪಾಲಿಸಿದ್ದೇನೆ. ಅಲ್ಲಿಂದ ಮುಂದೆ ತೊಟ್ಟಿಗೆ 'ಮಾವನವರು' ಎಂಬ ಹೆಸರೇ ನಿಂತುಹೋಯಿತು.

"ಎರಡು ದಿನ ಬಿಟ್ಟರೆ ಮಾವನವರಿಗೆ ಏನಾಗುತ್ತದೆ?" ಎಂದು ಗುಂಡಣ್ಣನು ಕೇಳಿದನು. ಅವನಿಗೂ ಇಂತಹುದೊಂದನ್ನು ಇಡಬೇಕೆಂಬ ಆಸೆ ಹುಟ್ಟಿ ಎರಡು ವಾರಗಳಾಗಿದ್ದವು.

ಶ್ರೀಪತಿಯು ವಿವರಿಸಿದನು. ತೊಟ್ಟಿಯ ನೀರು ದಿನವೂ ಆವಿಯಾಗುತ್ತದೆ. ಆದರೆ ನೀರು ಹೋಗುತ್ತದೆಯೇ ಹೊರತು ಉಪ್ಪು ಹೋಗುವುದಿಲ್ಲ. ಆದುದರಿಂದ ಉಳಿದ ನೀರು ದಿನದಿಂದ ದಿನಕ್ಕೆ ಹೆಚ್ಚು ಉಪ್ಪಾಗುತ್ತದೆ. ಅದನ್ನು ಸರಿದೂಗಿಸಲು ಶುದ್ಧೀಕರಿಸಿದ ಸಿಹಿನೀರನ್ನು ಪ್ರತಿದಿನವೂ ಸೇರಿಸಲೇಬೇಕು. ಸಮುದ್ರದಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು; ಇಲ್ಲಿಯೂ ಅಷ್ಟೇ ಇರಬೇಕು.

"ಉಪ್ಪು ತಿಂದವನು ನೀರು ಕುಡಿಯಲೇಬೇಕು," ಎಂದನು ಶೇಷಣ್ಣ. "ಮಾವನವರು 10 ಕೆಜಿಗೂ ಹೆಚ್ಚು ತಿಂದು ಕುಳಿತಿದ್ದಾರೆ. ಕುಡಿಸಬೇಕಾದವನು ಅಳಿಯ."

"ಗಾದೆಯು ಮೀನಿಗೂ ಅನ್ವಯಿಸುತ್ತದೆ," ಎಂದರು ಮೇಷ್ಟ್ರು. "ಸಿಹಿನೀರಿನ ಮೀನು ನೀರನ್ನು ಕುಡಿಯುವುದಿಲ್ಲವೆಂದೇ ಹೇಳಬಹುದು. ಸಮುದ್ರದ ಮೀನಿನ ಮೈಯೊಳಗಿನ ನೀರು ಹೊರಗಿನ ಉಪ್ಪಿನ ಕಡೆಗೆ ಸೋರಿಹೋಗುತ್ತಲೇ ಇರುತ್ತದೆ. ಆದುದರಿಂದ ಅದು ಕುಡಿಯುತ್ತಲೇ ಇದ್ದು, ಹೆಚ್ಚಾದ ಉಪ್ಪನ್ನು ಕಿವಿರುಗಳ ಮೂಲಕ ಹೊರಹಾಕುತ್ತದೆ. ನೀರಿನೊಳಗೇ ಇದ್ದು ಬಾಯಾರಿಕೆ."

"ಮೇಷ್ಟ್ರೇ, ನೀವು ಮೀನಿನ ವಿಷಯ ಹೇಳುತ್ತಿದ್ದೀರೋ ಶ್ರೀಪತಿಯ ವಿಷಯ ಹೇಳುತ್ತಿದ್ದೀರೋ?"

ಶೇಷಣ್ಣನ ಸಿಟ್ಟಿಗೆ ಮೂಲವೊಂದಿದೆ. ಈ ತೊಟ್ಟಿಯನ್ನು ಇಟ್ಟ ಹೊಸತರಲ್ಲಿ ಶ್ರೀಪತಿಯು ನಮ್ಮೆಲ್ಲರನ್ನೂ ಮೀನು ನೋಡಲು ಕರೆದಿದ್ದನು. ಹೋದೆವು. ನೀರಿತ್ತು, ಬಂಡೆಯಿತ್ತು, ಮರಳಿತ್ತು, ಮೀನಿರಲಿಲ್ಲ. ಮೊದಲು ಸೂಕ್ಷ್ಮಜೀವಿಗಳು ನೆಲೆಯೂರಬೇಕು, ಅವುಗಳಲ್ಲಿ ಒಂದು ಪಂಗಡವು ಅಮೋನಿಯವನ್ನು ನೈಟ್ರೈಟ್ ಮಾಡಬೇಕು, ಇನ್ನೊಂದು ಪಂಗಡವು ನೈಟ್ರೈಟನ್ನು ನೈಟ್ರೇಟ್ ಮಾಡಬೇಕು, ಇದಕ್ಕೆ ನಾಲ್ಕರಿಂದ ಆರು ವಾರಗಳು ಹಿಡಿಯುತ್ತವೆ, ಅದಕ್ಕೆ ಮೊದಲು ಮೀನನ್ನು ಬಿಟ್ಟರೆ ಅದರ ಹೊಲಸೇ ಅದಕ್ಕೆ ವಿಷವಾಗುತ್ತದೆ ಎಂದು ಅವನು ಹೇಳಿದನು. ನಾವು ಒಂದು ಗಂಟೆಯ ಕಾಲ ಬಂಡೆಯನ್ನು ನೋಡಿ ಬಂದೆವು. ಮರುತಿಂಗಳು ಕರೆದಾಗ ಬಂಡೆಯ ಮೇಲೆ ಕಂದು ಪಾಚಿ ಬಂದಿತ್ತು. ಅದು ಶುಭಸೂಚನೆಯೆಂದು ತಿಳಿಸಲಾಯಿತು. ಇದನ್ನೆಲ್ಲ ಗುಂಡಣ್ಣನು ಅಂದೇ ಮೆಚ್ಚಿದನು. ಶೇಷಣ್ಣನು ಅಂದೇ ದ್ವೇಷಿಸಿದನು.

"ನಾನು ಒಪ್ಪದಿರುವುದು ಇದನ್ನೇ," ಎಂದು ಅವನು ಈಗ ಮುಂದುವರಿಸಿದನು. "ಮೀನನ್ನು ಸಾಕಲಿ, ನನ್ನದೇನೂ ಅಭ್ಯಂತರವಿಲ್ಲ. ಆದರೆ ಇವನು ಮೀನನ್ನು ನೋಡುತ್ತಿರುವುದನ್ನು ನಾಲ್ಕು ವರ್ಷಗಳಲ್ಲಿ ನಾನು ಒಮ್ಮೆಯೂ ನೋಡಿಲ್ಲ. ಯಾವಾಗ ಬಂದರೂ ಕೈಯಲ್ಲೊಂದು ಪುಟ್ಟ ಗಾಜಿನ ಸೀಸೆ. ಅದರೊಳಕ್ಕೆ ಹನಿಹನಿಯಾಗಿ ಔಷಧ ಬಿಡುತ್ತ, ಬಣ್ಣ ಯಾವಾಗ ತಿರುಗುತ್ತದೆಂದು ಕಾಯುತ್ತಿರುತ್ತಾನೆ. ಮಾವನವರ ಕ್ಯಾಲ್ಸಿಯಂ ಎಷ್ಟಯ್ಯಾ?"

"ಲೀಟರಿಗೆ 420 ಮಿಲಿಗ್ರಾಂ."

"ಮೆಗ್ನೀಸಿಯಂ?"

"1,300."

"ಮೈ ಬಿಸಿ?"

"25 ಡಿಗ್ರಿಗೂ 26 ಡಿಗ್ರಿಗೂ ನಡುವೆ."

"ನಿನ್ನ ಸ್ವಂತ ರಕ್ತವನ್ನು ಪರೀಕ್ಷೆ ಮಾಡಿಸಿ ಎಷ್ಟು ದಿನಗಳಾದವು?"

ಶ್ರೀಪತಿಯು ಆಲೋಚಿಸಿದನು. ಆಲೋಚನೆಯು ಉದ್ದವಾಯಿತು.

ಕ್ಯಾಲ್ಸಿಯಂ ಏಕೆ ಬೇಕೆಂದು ಗುಂಡಣ್ಣನು ಕೇಳಿ ಅವನನ್ನು ಪಾರುಮಾಡಿದನು. ಹವಳವು ತನ್ನ ಗೂಡನ್ನು ಕಟ್ಟಿಕೊಳ್ಳುವುದು ಸುಣ್ಣದ ವಸ್ತುವಿನಿಂದಲೇ. ಅದು ಬೆಳೆದಷ್ಟೂ ನೀರಿನಲ್ಲಿರುವ ಕ್ಯಾಲ್ಸಿಯಂ ಕಡಿಮೆಯಾಗುತ್ತದೆ, ಕ್ಷಾರಗುಣವೂ ಇಳಿಯುತ್ತದೆ. ಆದುದರಿಂದ ಸುಣ್ಣದ ತಿಳಿಯನ್ನು ರಾತ್ರಿಯ ಹೊತ್ತು ಹನಿಹನಿಯಾಗಿ ಸೇರಿಸುವ ಪದ್ಧತಿಯುಂಟು. ಇಷ್ಟಕ್ಕೆ ನಿಲ್ಲಿಸಿದ್ದರೆ ಶ್ರೀಪತಿಯ ಮರ್ಯಾದೆ ಉಳಿಯುತ್ತಿತ್ತು. ಆದರೆ ಅವನು ಪ್ರಾಮಾಣಿಕ. ನೈಟ್ರೇಟ್ ಹೆಚ್ಚಾದಾಗ ತಾನು ಪ್ರತಿದಿನ ಬೆಳಿಗ್ಗೆ ತೊಟ್ಟಿಗೆ ಸ್ವಲ್ಪ ವೋಡ್ಕಾ ಹಾಕುವುದಾಗಿಯೂ ಹೇಳಿಬಿಟ್ಟನು.

ನಾವೆಲ್ಲರೂ ಒಮ್ಮೆಲೇ ತೊಟ್ಟಿಯತ್ತ ತಿರುಗಿದೆವು.

"ಮಾವನವರಿಗೆ ಆ ಅಭ್ಯಾಸವೂ ಉಂಟೇ!" ಎಂದನು ಶೇಷಣ್ಣ.

"ಅದು ಮೀನಿಗಲ್ಲ, ಸೂಕ್ಷ್ಮಜೀವಿಗಳಿಗೆ. ಅದರಲ್ಲಿರುವ ಇಂಗಾಲವನ್ನು ತಿಂದು ಅವು ವೃದ್ಧಿಯಾಗುತ್ತವೆ, ವೃದ್ಧಿಯಾಗುವಾಗ ನೈಟ್ರೇಟನ್ನೂ ಫಾಸ್ಫೇಟನ್ನೂ ಹೀರಿಕೊಳ್ಳುತ್ತವೆ. ಅಳತೆ ತಪ್ಪಿದರೆ ಮಾತ್ರ ಅವು ವಿಪರೀತವಾಗಿ ಹೆಚ್ಚಿ, ನೀರೆಲ್ಲ ಬೆಳ್ಳಗಾಗಿ, ಉಸಿರಾಡಲು ಆಮ್ಲಜನಕವೇ ಸಾಲದೆ ಹೋಗುತ್ತದೆ."

"ಎಲ್ಲ ಮನೆಗಳಲ್ಲಿಯೂ ಹಾಗೆಯೇ. ಕುಡಿಯುವವನೊಬ್ಬ, ಉಸಿರು ಕಟ್ಟುವುದು ಉಳಿದವರಿಗೆ. ಆಮೇಲೆ ಆ ಜೀವಿಗಳು ಏನಾಗುತ್ತವೆ?"

ಅದಕ್ಕೆ ಸ್ಕಿಮ್ಮರ್ ಇದೆಯೆಂದು ಶ್ರೀಪತಿಯು ತೊಟ್ಟಿಯ ಕೆಳಗಿನ ಬಾಗಿಲನ್ನು ತೆರೆದು ತೋರಿಸಿದನು. ಒಂದು ಕೊಳವೆಯೊಳಗೆ ನೀರಿಗೆ ಗಾಳಿಯನ್ನು ಬೆರೆಸಿ ಲಕ್ಷೋಪಲಕ್ಷ ಗುಳ್ಳೆಗಳನ್ನು ಎಬ್ಬಿಸುತ್ತಾರೆ. ನೀರಿನ ಜಿಡ್ಡು, ಕೊಳೆ, ಪ್ರೋಟೀನು, ಸತ್ತವು, ಇದ್ದವು ಎಲ್ಲವೂ ಗುಳ್ಳೆಗೆ ಅಂಟಿಕೊಂಡು ನೊರೆಯಾಗಿ ಮೇಲೇರಿ, ಒಂದು ಬಟ್ಟಲಿನಲ್ಲಿ ಕಪ್ಪು ಕಷಾಯದಂತೆ ಶೇಖರವಾಗುತ್ತವೆ. ಆ ಬಟ್ಟಲನ್ನು ಅವನು ನಮ್ಮ ಮೂಗಿನ ಬಳಿಗೆ ಹಿಡಿದನು; ಹಿಡಿಯಬಾರದಿತ್ತು.

"ಸಮುದ್ರಮಥನ," ಎಂದು ಮೇಷ್ಟ್ರು ಮೂಗನ್ನು ಮುಚ್ಚಿಕೊಂಡೇ ಹೇಳಿದರು.

"ಅಲ್ಲಿ ವಿಷ ಬಂದ ಮೇಲೆ ಅಮೃತ ಬಂತು ಮೇಷ್ಟ್ರೇ. ಇಲ್ಲಿ ವಿಷ ಬಂದ ಮೇಲೆ ಬಟ್ಟಲನ್ನು ತೊಳೆದಿಟ್ಟು ಮತ್ತೆ ಅದೇ ವಿಷಕ್ಕೆ ಕಾಯುತ್ತಾರೆ."

ಈ ವೇಳೆಗೆ ಕಮಲಮ್ಮನವರು ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತಿದ್ದರು. ಕಿತ್ತಳೆ ಮೈಯ ಮೇಲೆ ಬಿಳಿ ಪಟ್ಟೆಗಳಿರುವ ಎರಡು ಮೀನುಗಳನ್ನು ತೋರಿಸಿ, ಇವುಗಳಲ್ಲಿ ಗಂಡು ಯಾವುದೆಂದು ಗುಂಡಣ್ಣನು ಅವರನ್ನೇ ಕೇಳಿದನು.

"ಚಿಕ್ಕದು ಗಂಡು. ಹೆಸರೇ ಕ್ಲೌನ್ ಮೀನು," ಎಂದರು ಕಮಲಮ್ಮನವರು. "ಇವೆಲ್ಲ ಹುಟ್ಟುವಾಗ ಗಂಡೇ ಅಂತೆ. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಮಾತ್ರ ಹೆಣ್ಣಾಗುತ್ತದೆ. ಅದು ಸತ್ತರೆ ಅದರ ಗಂಡನೇ ಹೆಣ್ಣಾಗಿ ಮಾರ್ಪಡುತ್ತದೆ, ಮತ್ತೆ ಹಿಂದಿರುಗುವುದಿಲ್ಲ."

"ಹೆಂಡತಿ ಹೋದ ಮೇಲೆ ಅವಳ ಕೆಲಸವೆಲ್ಲ ಗಂಡನ ಮೇಲೆ ಬೀಳುತ್ತದೆಯೆಂದು ಕೇಳಿದ್ದೆ. ಇಷ್ಟರಮಟ್ಟಿಗೆ ಬೀಳುತ್ತದೆಯೆಂದು ತಿಳಿದಿರಲಿಲ್ಲ," ಎಂದನು ಶೇಷಣ್ಣ. "ಅಂತೂ ಅತ್ತಿಗೆ, ಇಷ್ಟೊಂದು ಉಪಚಾರ ಮಾಡುವ ಅಳಿಯ ಎಲ್ಲ ಮಾವಂದಿರಿಗೂ ಸಿಗುವುದಿಲ್ಲ."

ಕಮಲಮ್ಮನವರು ನಗಲಿಲ್ಲ. "ನಮ್ಮ ತಂದೆಯವರು ಕೊನೆಗಾಲದಲ್ಲಿ ಇದೇ ಕೋಣೆಯಲ್ಲಿ ಎರಡು ತಿಂಗಳು ಇದ್ದರು," ಎಂದರು. "ತೊಟ್ಟಿಯಿರುವ ಜಾಗದಲ್ಲಿಯೇ ಅವರ ಮಂಚವಿತ್ತು. ರಾತ್ರಿ ನಿದ್ರೆ ಬಂತೇ ಎಂದು ಇವರು ಒಂದು ದಿನ ಕೇಳಿದ್ದು ನನಗೆ ನೆನಪಿಲ್ಲ."

ಸ್ಕಿಮ್ಮರಿನ ಗುಳ್ಳೆಗಳ ಸದ್ದು ಎಷ್ಟು ದೊಡ್ಡದೆಂಬುದು ಆಗ ಗೊತ್ತಾಯಿತು. ಶ್ರೀಪತಿಯು ಬಟ್ಟಲನ್ನು ತೊಳೆಯಲು ಎದ್ದುಹೋದನು. ಶೇಷಣ್ಣನು ಅಲ್ಲಿಂದ ಬಹಳ ಹೊತ್ತು 'ಮಾವನವರು' ಎಂಬ ಮಾತನ್ನು ಆಡಲಿಲ್ಲ.

ಗುಂಡಣ್ಣನಿಗೆ ಮಾತ್ರ ಇಂತಹ ಸೂಕ್ಷ್ಮಗಳು ತಟ್ಟುವುದಿಲ್ಲ. ಹಿಂದಿರುಗಿ ಬಂದ ಶ್ರೀಪತಿಯನ್ನು, "ಈ ಗಿಡಕ್ಕೆ ಗೊಬ್ಬರ ಏನು ಹಾಕುತ್ತೀಯೆ?" ಎಂದು ಹವಳವನ್ನು ತೋರಿಸಿ ಕೇಳಿದನು.

"ಅದು ಗಿಡವಲ್ಲ, ಪ್ರಾಣಿ."

"ನಗಬೇಡಿ," ಎಂದು ಮೇಷ್ಟ್ರು ನಗುತ್ತಿರುವವರನ್ನು ತಡೆದರು. "18ನೆಯ ಶತಮಾನದಲ್ಲಿ ಪೇಸೊನೆಲ್ ಎಂಬ ಫ್ರೆಂಚ್ ವೈದ್ಯನು ಹವಳವು ಪ್ರಾಣಿಯೆಂದು ಹೇಳಿದಾಗ, ಅವನ ಬರಹವನ್ನು ಪಂಡಿತರ ಸಭೆಯ ಮುಂದಿಟ್ಟ ರೆಯೋಮ್ಯೂರ್, ಪಾಪ, ಆತನು ನಗೆಪಾಟಲಾಗದಿರಲಿ ಎಂದು ಹೆಸರನ್ನೇ ಹೇಳಲಿಲ್ಲವಂತೆ. ಆ ಸಭೆಯಲ್ಲಿ ನಮ್ಮ ಗುಂಡಣ್ಣನು ವಿದ್ವಾಂಸನಾಗಿರುತ್ತಿದ್ದ."

ಪ್ರಾಣಿಯಾದರೂ ಅದರೊಳಗೆ ಸಸ್ಯದಂತಹುದೊಂದು ಇದ್ದೇ ಇದೆಯೆಂದು ಶ್ರೀಪತಿಯು ಗುಂಡಣ್ಣನನ್ನು ಸಮಾಧಾನಪಡಿಸಿದನು. ಹವಳದ ಜೀವಕೋಶಗಳಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಪಾಚಿಗಳು ಬಾಡಿಗೆಗೆ ಇವೆ. ಬೆಳಕಿನಿಂದ ತಾವು ತಯಾರಿಸಿದ ಆಹಾರದ ಬಹುಪಾಲನ್ನು ಅವು ಮನೆಯೊಡೆಯನಿಗೆ ಬಾಡಿಗೆಯಾಗಿ ಕೊಡುತ್ತವೆ. ಬಣ್ಣದಲ್ಲಿಯೂ ಅವುಗಳ ಪಾಲಿದೆ. ನೀರಿನ ಬಿಸಿ ಏರಿದರೆ ಈ ಸಂಸಾರ ಮುರಿಯುತ್ತದೆ. ಹವಳವು ಬಾಡಿಗೆದಾರರನ್ನು ಹೊರಹಾಕಿ, ಬೆಳ್ಳಗಾಗಿ, ಉಪವಾಸ ಬೀಳುತ್ತದೆ. ಎಷ್ಟು ಏರಬೇಕೆಂದು ಕೇಳಿದ್ದಕ್ಕೆ, ಬೇಸಗೆಯ ವಾಡಿಕೆಯ ಗರಿಷ್ಠಕ್ಕಿಂತ ಒಂದೇ ಒಂದು ಡಿಗ್ರಿ, ಕೆಲವು ವಾರಗಳ ಕಾಲ, ಎಂದನು.

"ಇವುಗಳಲ್ಲಿ ಜಗಳವೂ ಇದೆ," ಎಂದು ಸೇರಿಸಿದನು. "ಹಗಲೆಲ್ಲ ಹೂವಿನಂತೆ ನಿಂತಿರುವ ಆ ಹವಳವು, ರಾತ್ರಿ ದೀಪವಾರಿದ ಮೇಲೆ ಉದ್ದನೆಯ ಕುಟುಕುವ ಎಳೆಗಳನ್ನು ಚಾಚಿ ಪಕ್ಕದವನನ್ನು ಸುಡುತ್ತದೆ. ಆದುದರಿಂದ ಇಬ್ಬರ ನಡುವೆ ಜಾಗ ಬಿಟ್ಟೇ ಇಡಬೇಕು."

"ಇಷ್ಟೆಲ್ಲ ತಿಳಿದವನು ನೀನು," ಎಂದನು ಶೇಷಣ್ಣ. ಧ್ವನಿಯಲ್ಲಿ ಮೊದಲಿನ ಹರಿತವಿರಲಿಲ್ಲ. "ಇವರನ್ನೆಲ್ಲ ಅಲ್ಲಿಂದ ಏಕೆ ಕಿತ್ತು ತಂದೆ?"

ಈ ಕ್ಲೌನ್ ಮೀನುಗಳು ತೊಟ್ಟಿಯಲ್ಲಿಯೇ ಹುಟ್ಟಿದವೆಂದೂ, ಹವಳಗಳೂ ಬೇರೆಯವರ ತೊಟ್ಟಿಯಲ್ಲಿ ಬೆಳೆದವುಗಳಿಂದ ಕತ್ತರಿಸಿ, ಕಲ್ಲಿಗೆ ಗೋಂದಿನಿಂದ ಅಂಟಿಸಿ ಬೆಳೆಸಿದ ತುಂಡುಗಳೆಂದೂ ಶ್ರೀಪತಿಯು ವಾದಿಸಿದನು. ಉಳಿದ ಮೂರು ಮೀನುಗಳು ಎಲ್ಲಿಯವೆಂಬ ಪ್ರಶ್ನೆಗೆ ಪ್ರಾಮಾಣಿಕನು ಬಾಯಿ ಬಿಡಲಿಲ್ಲ. ಸಮುದ್ರದ ಅಲಂಕಾರಮೀನುಗಳಲ್ಲಿ ಬಹುತೇಕ ಜಾತಿಗಳು ಇಂದಿಗೂ ಬಲೆಯಿಂದಲೇ ಬರುತ್ತವೆ.

ಇದು ಹೊಸ ಹುಚ್ಚೇನೂ ಅಲ್ಲವೆಂದು ಮೇಷ್ಟ್ರು ಹೇಳಿದರು. 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕರಿಗಾಗಿ ಮೊದಲ ಮತ್ಸ್ಯಾಗಾರ ತೆರೆಯಿತು. ಅದಕ್ಕೆ ಜೀವಿಗಳನ್ನು ಒದಗಿಸಿದ ಫಿಲಿಪ್ ಹೆನ್ರಿ ಗಾಸ್, ಅಕ್ವೇರಿಯಂ ಎಂಬ ಮಾತನ್ನು ಮನೆಮನೆಗೆ ಮುಟ್ಟಿಸಿದ. ಅವನ ಬರಹಗಳನ್ನು ಓದಿದವರೆಲ್ಲರೂ ಬುಟ್ಟಿ, ಉಳಿ, ಸುತ್ತಿಗೆಗಳೊಂದಿಗೆ ಇಂಗ್ಲೆಂಡಿನ ಕರಾವಳಿಗೆ ನುಗ್ಗಿ, ಬಂಡೆಗಳ ನಡುವಿನ ನೀರ್ಗುಂಡಿಗಳನ್ನು ಬರಿದುಮಾಡಿದರು. ಚಿಕ್ಕಂದಿನಲ್ಲಿ ತಂದೆಯೊಂದಿಗೆ ಆ ಗುಂಡಿಗಳ ಸೊಬಗನ್ನು ನೋಡಿದ್ದ ಅವನ ಮಗನು, ದೊಡ್ಡವನಾದ ಮೇಲೆ, ಅದು ಯಾವುದೂ ಉಳಿದಿಲ್ಲವೆಂದೂ, ಅದಕ್ಕೆ ತನ್ನ ತಂದೆಯೂ ತಿಳಿಯದೆಯೇ ಕಾರಣನಾದನೆಂದೂ ದುಃಖದಿಂದ ಬರೆದ.

"ಪ್ರೀತಿಸಿಯೇ ಬರಿದುಮಾಡಿದರು," ಎಂದರು ಕಮಲಮ್ಮನವರು.

ಅಷ್ಟರಲ್ಲಿ ಗಡಿಯಾರಕ್ಕೆ ಜೋಡಿಸಿದ ದೀಪವು ಬಿಳಿಯಿಂದ ನೀಲಿಗೆ ತಿರುಗಿತು. ಹವಳಗಳು ಹಸಿರಾಗಿ, ಕೆಂಡವಾಗಿ ಹೊಳೆಯತೊಡಗಿದವು. ಶ್ರೀಪತಿಯ ಮುಖ, ಕೈ, ಅಂಗಿ ಎಲ್ಲವೂ ಕಡುನೀಲಿಯಾದವು.

"ಈಗ ಹೆಸರಿಗೆ ತಕ್ಕ ಮೈಬಣ್ಣ ಬಂತು," ಎಂದನು ಶೇಷಣ್ಣ. ಆದರೆ ಅವನು ನೋಡುತ್ತಿದ್ದುದು ತೊಟ್ಟಿಯನ್ನು. ಹೆಣ್ಣು ಮೀನು ಬಂಡೆಯ ಮೂಲೆಯಲ್ಲಿ ಮಲಗುವ ಜಾಗವನ್ನು ಬಾಲದಿಂದ ಗುಡಿಸಿಕೊಳ್ಳುತ್ತಿತ್ತು. ಕೆಳಗೆಲ್ಲೋ ಒಂದು ಯಂತ್ರವು ಗುರ್ರೆಂದು ಸದ್ದು ಮಾಡಿತು, ಅದೇನೆಂದು ಕೇಳಿದನು.

"ಚಿಲ್ಲರ್. ನೀರಿನ ಬಿಸಿ ಕಾಲು ಡಿಗ್ರಿ ಏರಿದರೂ ತಣ್ಣಗೆ ಮಾಡುತ್ತದೆ."

"ಅಲ್ಲಿ?"

"ಎಲ್ಲಿ?"

"ಸಮುದ್ರದಲ್ಲಿ."

ಶ್ರೀಪತಿಯು ಸ್ವಲ್ಪ ಹೊತ್ತು ಸುಮ್ಮನಿದ್ದನು. 1998ರಲ್ಲಿ ಮೊದಲ ಸಲ ಜಗತ್ತಿನಾದ್ಯಂತ ಹವಳಗಳು ಬೆಳ್ಳಗಾದವೆಂದೂ, ಮತ್ತೆ 2010ರಲ್ಲಿ, ಮತ್ತೆ 2014ರಿಂದ 2017ರವರೆಗೆ ಹಾಗಾಯಿತೆಂದೂ, 2024ರಲ್ಲಿ ವಿಜ್ಞಾನಿಗಳು ನಾಲ್ಕನೆಯದನ್ನು ಘೋಷಿಸಿದರೆಂದೂ ತೊಟ್ಟಿಯ ಕಡೆಗೆ ತಿರುಗಿಕೊಂಡೇ ಹೇಳಿದನು.

"ಅಲ್ಲಿ ಮಾವನವರಿಗೆ ಜ್ವರ ಬಂದರೆ ನೋಡುವ ಅಳಿಯನಿಲ್ಲ," ಎಂದನು ಶೇಷಣ್ಣ. ತಮಾಷೆಗೆಂದು ಆರಂಭಿಸಿದ್ದನು, ವಾಕ್ಯದ ಕೊನೆಗೆ ಬರುವಷ್ಟರಲ್ಲಿ ತಮಾಷೆ ಉಳಿದಿರಲಿಲ್ಲ.

ದಿನ ಗೊತ್ತಾಯಿತು. ಶ್ರೀಪತಿಯ ಬದಲಿಗೆ ವಾಹನದಲ್ಲಿ ಒಂದು ಸ್ಥಳ ಖಾಲಿಯಾಯಿತೆಂದು ಗುಂಡಣ್ಣನು ಲೆಕ್ಕ ಹಾಕುತ್ತಿದ್ದಾಗ, ಕಮಲಮ್ಮನವರು, "ನಾನು ಬರುತ್ತೇನೆ. ತವರಿಗೆ ಹೋಗಿ ಬಹಳ ದಿನಗಳಾದವು," ಎಂದರು. ಶ್ರೀಪತಿಯು ತಲೆಯೆತ್ತಿ ಹೆಂಡತಿಯನ್ನು ನೋಡಿದನು. ಏನನ್ನೋ ಹೇಳುವವನಿದ್ದನು, ಹೇಳದೆ ಕಪಾಟಿನಿಂದ ಒಂದು ಚಿಕ್ಕ ದುರ್ಬೀನಿನಂತಹ ವಸ್ತುವನ್ನು ತಂದು ಶೇಷಣ್ಣನ ಕೈಗಿತ್ತನು. ರಿಫ್ರ್ಯಾಕ್ಟೋಮೀಟರ್.

"ಈ ಗಾಜಿನ ಮೇಲೆ ಒಂದು ಹನಿ ಸಮುದ್ರದ ನೀರನ್ನು ಬಿಟ್ಟು, ಮುಚ್ಚಳ ಹಾಕಿ, ಬೆಳಕಿನ ಕಡೆಗೆ ಹಿಡಿದು ನೋಡು. ನೀಲಿಯೂ ಬಿಳಿಯೂ ಸೇರುವ ಗೆರೆ ಎಷ್ಟರ ಮೇಲಿದೆಯೆಂದು ಬರೆದುಕೊಂಡು ಬಾ. ಅಲ್ಲಿ ಈಗ ಉಪ್ಪು ಎಷ್ಟಿದೆಯೋ ನೋಡೋಣ."

ಶೇಷಣ್ಣನು ಏನಾದರೂ ಅನ್ನುತ್ತಾನೆಂದು ನಾವೆಲ್ಲರೂ ಕಾದೆವು. ಅವನು ಆ ವಸ್ತುವನ್ನು ತಿರುಗಿಸಿ ಮುರುಗಿಸಿ ನೋಡಿ, ಕನ್ನಡಕವನ್ನು ತೆಗೆದು ಜೇಬಿನಲ್ಲಿಟ್ಟುಕೊಂಡು, ಯಾವ ಕಣ್ಣನ್ನು ಮುಚ್ಚಬೇಕೆಂದು ಕೇಳಿದನು.