ಸಹಾಯ ಬೇಕು: ಕಾಲಿಗೆ ರಕ್ತ ಸಂಚಾರ ಕಡಿಮೆ, ನಡೆದರೆ ಉರಿಯೂತ ಜಾಸ್ತಿಯಾಗುತ್ತದಾ?

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪನಿಗೆ 68 ವರ್ಷ. ಸ್ವಲ್ಪ ದೂರ ನಡೆದರೆ ಸಾಕು, ಮೀನಖಂಡ ಹಿಡಿದುಕೊಳ್ಳುತ್ತದೆ. ನಿಂತರೆ ಎರಡು ಮೂರು ನಿಮಿಷದಲ್ಲಿ ಬಿಡುತ್ತದೆ. ಕಾಲಿನ ಬಿಪಿಯನ್ನು ತೋಳಿನ ಬಿಪಿ ಜೊತೆ ಹೋಲಿಸಿದಾಗ 0.68 ಬಂತು. 0.90ಕ್ಕಿಂತ ಕಡಿಮೆ ಇದ್ದರೆ ಕಾಲಿನ ರಕ್ತನಾಳ ಕಿರಿದಾಗಿದೆ ಎಂದರ್ಥ. ಪಾದದಲ್ಲಿ ಗಾಯ ಇಲ್ಲ, ರಾತ್ರಿ ನೋವೂ ಇಲ್ಲ.

ಡಾಕ್ಟರ್ ಮಾತ್ರೆ ಜೊತೆ ನಡಿಗೆ ವ್ಯಾಯಾಮ ಹೇಳಿದ್ದಾರೆ. ವಾರಕ್ಕೆ 3 ದಿನ, ಕನಿಷ್ಠ 12 ವಾರ. ನೋವು ಸಾಕಷ್ಟು ಬರುವವರೆಗೆ ನಡೆಯಬೇಕು, ಅದು ಹೋಗುವವರೆಗೆ ಕೂರಬೇಕು, ಮತ್ತೆ ನಡೆಯಬೇಕು.

ಅಪ್ಪ ಹೆದರಿದ್ದಾರೆ. ರಕ್ತದಲ್ಲಿ ಸಿಆರ್‌ಪಿ (ಉರಿಯೂತ ಇದ್ದಾಗ ಏರುವ ಒಂದು ಪ್ರೋಟೀನ್) ಸ್ವಲ್ಪ ಜಾಸ್ತಿ ಇದೆ. "ನೋವಿದ್ದರೂ ನಡೆದರೆ ಉರಿಯೂತ ಇನ್ನೂ ಏರಲ್ವಾ?" ಅಂತ ಕೇಳುತ್ತಾರೆ. ರಕ್ತ ಸಾಲದ ಸ್ನಾಯು ದುಡಿದಾಗ ಸ್ವಲ್ಪ ಹೊತ್ತು ಉರಿಯೂತದ ಗುರುತುಗಳು ಏರುತ್ತವೆ, ತಿಂಗಳುಗಟ್ಟಲೆ ಅಭ್ಯಾಸವಾದರೆ ಆ ಏರಿಕೆ ತಗ್ಗಬಹುದು ಅಂತ ಓದಿದ್ದೇನೆ. ಹೇಳಿದರೂ ಅವರಿಗೆ ಧೈರ್ಯ ಬರುತ್ತಿಲ್ಲ.

12 ವಾರ ಪೂರ್ತಿ ಮಾಡಿದವರು ಯಾರಾದರೂ ಇದ್ದೀರಾ? ನೋವಿಲ್ಲದೆ ನಡೆಯುವ ದೂರ ಯಾವಾಗ ಹೆಚ್ಚಾಯಿತು? ಸಿಆರ್‌ಪಿ ಮತ್ತೆ ನೋಡಿಸಿದಿರಾ? ಪರೀಕ್ಷೆಗೆ ಮುಂಚೆ ಎಷ್ಟು ದಿನ ನಡಿಗೆ ಬಿಟ್ಟಿದ್ದಿರಿ? ಫಿಸಿಯೋಥೆರಪಿಸ್ಟ್‌ಗಳಿದ್ದರೆ ದಯವಿಟ್ಟು ಹೇಳಿ. ನಿಮ್ಮ ಉತ್ತರಗಳನ್ನು ಅಪ್ಪನಿಗೆ ಓದಿ ಹೇಳುತ್ತೇನೆ.